ಸೆಕೆಂಡಣ್ಣ ಮುಂದೆ ತಳ್ಳಿದ ಮುಳ್ಳು

ಭಾವನ ಮನೆಯಲ್ಲಿ ಆ ಭಾನುವಾರ ನಡೆದದ್ದನ್ನು ಸೆಕೆಂಡಣ್ಣ ಇವತ್ತಿಗೂ ಹೊಟ್ಟೆಗೆ ಹಾಕಿಕೊಂಡಿಲ್ಲ. ಹಾಕಿಕೊಳ್ಳುವವನೂ ಅಲ್ಲ. ಯಾಕೆ ಹಾಕಿಕೊಳ್ಳಬೇಕು?

ವಾಚು ರಿಪೇರಿ ಅವನ ಕಸುಬು. ಸಿಟ್ಟು ನೆತ್ತಿಗೇರಲು ಒಂದು ಸೆಕೆಂಡು ಸಾಕಾದ್ದರಿಂದ ಬೀದಿಯವರು ಇಟ್ಟ ಹೆಸರು ಸೆಕೆಂಡಣ್ಣ. ಅಕ್ಕನ ಗಂಡನ ಕಟ್ಟಡದಲ್ಲಿ, ಮಹಡಿ ಮೆಟ್ಟಿಲ ಕೆಳಗೆ, ತಲೆ ಎತ್ತಿದರೆ ಸಿಮೆಂಟು ತಾಗುವ ಜಾಗದಲ್ಲಿ ಅವನ ಅಂಗಡಿ. ಗಾಜಿನ ಪೆಟ್ಟಿಗೆ, ಕತ್ತು ಬಗ್ಗಿದ ದೀಪ, ಒಂದು ಸ್ಟೂಲು, ಅಷ್ಟೇ. ಯಾರಾದರೂ ಮೇಲಿನಿಂದ ದಡದಡ ಇಳಿದರೆ ಚಿಮಟದಲ್ಲಿ ಹಿಡಿದ ಸ್ಕ್ರೂ ಎಲ್ಲಿಗೋ ಹಾರುತ್ತಿತ್ತು, ಅದರ ಹಿಂದೆಯೇ ಅವನ ಬೈಗುಳ ಮಹಡಿ ಹತ್ತುತ್ತಿತ್ತು.

ಆ ಜಾಗವನ್ನು ಫೋನಿನ ಕವರು ಮಾರುವವನೊಬ್ಬನಿಗೆ ಕೊಡಬೇಕೆಂದು ಭಾವನ ಮನಸ್ಸಿನಲ್ಲಿತ್ತು. ಅದನ್ನು ನೆಟ್ಟಗೆ ಹೇಳಬಹುದಿತ್ತಲ್ಲ? ಇಲ್ಲ. ಊಟಕ್ಕೆ ಕೂತ ನೆಂಟರನ್ನೆಲ್ಲ ನೋಡಿ, ವಾಚು ಕಟ್ಟಿದವರು ಕೈ ಎತ್ತಿ ಎಂದ. ಒಂದು ಕೈಯೂ ಏಳಲಿಲ್ಲ.

“ರಿಪೇರಿ ಮಾಡೋನ ಕೈಯೂ ಬೋಳು ನೋಡಿ,” ಎಂದ ಭಾವ. “ನಮ್ಮ ಬಾಮೈದ ಬೋಳುತಲೆಯವರ ಬೀದೀಲಿ ಬಾಚಣಿಗೆ ಮಾರ್ತಾ ಕೂತಿದಾನೆ.”

ಕೆಲಸ ಮಾಡುವವನು ಕೈಗೆ ವಾಚು ಕಟ್ಟಿದರೆ ಬಿಚ್ಚಿಟ್ಟ ವಾಚಿನ ಗಾಜಿಗೆ ಗೀರು ಬೀಳುತ್ತದೆ, ಅದಕ್ಕೇ ಕಟ್ಟುವುದಿಲ್ಲ ಎಂದು ಸೆಕೆಂಡಣ್ಣ ಹೇಳಲು ಹೋದ. ಯಾರು ಕೇಳಬೇಕು ಆ ನಗೆಯಲ್ಲಿ? ಎಲ್ಲರೂ ನಕ್ಕರು. ಕಟ್ಟಿಕೊಂಡ ಹೆಂಡತಿಯೂ ಸೆರಗು ಬಾಯಿಗಿಟ್ಟು ನಕ್ಕಳು. ಅವನಿಗೆ ಚುಚ್ಚಿದ್ದು ಅದು. ಅಕ್ಕ ಮಾತ್ರ ಏನೋ ಹೇಳಲು ಬಾಯಿ ತೆರೆದು, ಗಂಡನ ಮುಖ ನೋಡಿ ಮುಚ್ಚಿದಳು.

ತಟ್ಟೆ ಸರಿಸಿ ಎದ್ದವನೇ ಸೆಕೆಂಡಣ್ಣ, ಜನ ಈಗಲೂ ವಾಚು ಕಟ್ಟುತ್ತಾರೆ, ನಿಮ್ಮ ಕಣ್ಣಿಗೆ ಕಾಣಿಸದಿದ್ದರೆ ಅದು ವಾಚಿನ ತಪ್ಪಲ್ಲ ಎಂದು ಕೂಗಾಡಿದ. ಭಾವ ಹಲ್ಲು ಕಡ್ಡಿ ಆಡಿಸುತ್ತಲೇ, “ಹಾಗಾದ್ರೆ ಜನ ವಾಚು ಕಟ್ಟೋ ಜಾಗ ಒಂದೇ ಒಂದು ತೋರಿಸು. ಆಮೇಲೆ ನಿನ್ನ ಸ್ಟೂಲು ನಾನು ಅಲ್ಲಾಡಿಸಿದ್ರೆ ಕೇಳು,” ಎಂದ. ತೋರಿಸಲಾಗದಿದ್ದರೆ ತಿಂಗಳ ಕೊನೆಗೆ ಜಾಗ ಖಾಲಿ. ನೆಂಟರೆಲ್ಲರ ಮುಂದೆ ಮಾತು ಮುಗಿಯಿತು.

ಮರುದಿನವೇ ಭಾವನನ್ನು ಎಳೆದುಕೊಂಡು ಬಸ್ ನಿಲ್ದಾಣಕ್ಕೆ ಹೋದ. ಹೊತ್ತಿನ ಹಿಂದೆ ಓಡುವ ಜನ ಅಲ್ಲಲ್ಲದೆ ಇನ್ನೆಲ್ಲಿ ಇರುತ್ತಾರೆ ಎಂದು ಅವನ ಲೆಕ್ಕಾಚಾರ. ಬಸ್ಸುಗಳು ಬಂದವು, ಜನ ಇಳಿದರು, ಒಬ್ಬೊಬ್ಬರೂ ಜೇಬಿನಿಂದ ಫೋನು ತೆಗೆದು ಹೊತ್ತು ನೋಡಿದರು. ಸೆಕೆಂಡಣ್ಣ ಪ್ರತಿ ಕೈಯನ್ನೂ ಕಣ್ಣಲ್ಲೇ ತಡವಿದ. ಕೆಲವರ ಕೈಯಲ್ಲಿ ಕರಿ ರಬ್ಬರಿನ ಪಟ್ಟಿ ಇತ್ತು, ಮುಟ್ಟಿದರೆ ಬೆಳಗುವಂಥದ್ದು. ಭಾವನಿಗೆ ಅವತ್ತು ಎಲ್ಲಿಂದಲೋ ಉದಾರತನ ಬಂದಿತ್ತು. ಅವನ್ನೂ ವಾಚು ಅಂದುಕೋ, ಒಪ್ಪಿದೆ ಎಂದ.

ಸುಮ್ಮನೆ ಹೂಂ ಅಂದಿದ್ದರೆ ಜಾಗ ಅಲ್ಲೇ ಉಳಿಯುತ್ತಿತ್ತು. ಈ ಪುಣ್ಯಾತ್ಮ ಒಪ್ಪಬೇಕಲ್ಲ! ಅದು ವಾಚಲ್ಲ, ಕೈಗೆ ಕಟ್ಟಿದ ಟೀವಿ, ನನಗೆ ಯಾರ ಭಿಕ್ಷೆಯೂ ಬೇಡ ಎಂದು ಅಷ್ಟು ಜನರ ನಡುವೆ ಕಾಲು ಕೆರೆದು ಜಗಳಕ್ಕೆ ನಿಂತ. ಭಾವ ನಗುತ್ತ ಮನೆಗೆ ಹೋದ.

ಸಂಜೆ ಅಕ್ಕ ಅಂಗಡಿಗೆ ಬಂದಳು. ಊರಾಚೆಯ ಹೊಲಿಗೆ ಕಾರ್ಖಾನೆಯಲ್ಲಿ ಅವಳು ಸೂಪರ್‌ವೈಸರ್. ಮಾತು ಕಡಿಮೆ, ನಡಿಗೆ ಬಿರುಸು. ಕೈಚೀಲದ ತಳದಿಂದ ಹೆಂಗಸರ ಹಳೆಯ ವಾಚೊಂದನ್ನು ತೆಗೆದು ಗಾಜಿನ ಪೆಟ್ಟಿಗೆಯ ಮೇಲಿಟ್ಟಳು.

“ಇದ್ಯಾವಾಗಿಂದ ಅಕ್ಕ?”

“ಕಟ್ಟೋದು ಕಾರ್ಖಾನೇಲಿ, ಬಿಚ್ಚೋದು ಗೇಟಲ್ಲಿ. ಯಾಕೆ ಅಂತ ಮನೇಲಿ ಗೊತ್ತಾದ್ರೆ ನಿಮ್ಮ ಭಾವ ಕೆಲಸ ಬಿಡು ಅಂತಾರೆ. ನಾಳೆ ಬಿಡೋ ಹೊತ್ತಿಗೆ ಗೇಟಿಗೆ ಬಾ. ಅವರನ್ನೂ ಕರ್ಕೊಂಡು ಬಾ, ಗೊತ್ತಾದ್ರೆ ಆಗ್ಲಿ.”

ಹೋದರು. ಗೇಟು ತೆರೆಯಿತು. ತೆರೆದದ್ದೇ ತಡ, ಸೆಕೆಂಡಣ್ಣನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಹೆಂಗಸರು ಹೊಳೆಯ ಹಾಗೆ ಹೊರಗೆ ನುಗ್ಗಿದರು, ನುಗ್ಗುತ್ತಲೇ ಎಡಗೈ ಎತ್ತಿ ಹೊತ್ತು ನೋಡಿದರು. ಕೈ ಕೈಯಲ್ಲೂ ವಾಚು! ಬಂಗಾರದ ಬಣ್ಣ ಹೋದ ವಾಚು, ಪಟ್ಟಿ ಕಿತ್ತು ಹೊಲಿಗೆ ದಾರದಲ್ಲಿ ಬಿಗಿದ ವಾಚು, ಅಪ್ಪನದೋ ಮಾವನದೋ ಮೊಣಕೈವರೆಗೆ ಏರಿ ಕೂತ ದೊಡ್ಡ ವಾಚು, ಗಾಜಿಲ್ಲದ ವಾಚು, ಬಳೆಗಳ ನಡುವೆ ಸಿಕ್ಕಿಕೊಂಡ ಪುಟಾಣಿ ವಾಚು. ಅವನಿಗೆ ಮೈಮೇಲೆ ಖಬರೇ ಇಲ್ಲ. ಒಬ್ಬಳ ಕೈಯನ್ನು ಗಬಕ್ಕನೆ ಹಿಡಿದು ಕಣ್ಣಿನ ಹತ್ತಿರ ತಂದುಕೊಂಡೇಬಿಟ್ಟ. ಅವಳು ಊಟದ ಡಬ್ಬಿ ಎತ್ತಿದಳು.

“ಹೊಡೀಬೇಡ ಕಣೆ, ನನ್ನ ತಮ್ಮ,” ಎಂದು ಅಕ್ಕ ಓಡಿ ಬಂದಳು. “ಅವನಿಗೆ ಬೇಕಾಗಿರೋದು ವಾಚು, ಕೈ ಅಲ್ಲ.”

“ಹಾಗಂತ ಬಾಯಲ್ಲಿ ಹೇಳೋಕೇನು ಧಾಡಿ ಇವರಿಗೆ? ಹೆಂಡತಿ ಹೆಂಗೆ ಬಾಳ್ತಾ ಇದಾಳೋ,” ಎಂದು ಅವಳು ಡಬ್ಬಿ ಇಳಿಸಿದಳು. ಸುತ್ತಲೂ ನಗೆ ಎದ್ದಿತು. ಈ ನಗೆ ಅವನಿಗೆ ಸಿಹಿಯಾಗಿ ಕೇಳಿಸಿತು.

ಭಾವ ಕಣ್ಣು ಬಾಯಿ ಬಿಟ್ಟು ನಿಂತಿದ್ದ. ಆಮೇಲೆ ಒಂದೇ ಮಾತು ಹೇಳಿದ: ಕೂತ್ಕೋ ಮಾರಾಯ ನಿನ್ನ ಮೆಟ್ಟಿಲ ಕೆಳಗೆ. ಹೇಳಿ, ಹೆಂಡತಿಯ ಕೈಯಲ್ಲಿದ್ದ ವಾಚನ್ನು ಇನ್ನೊಮ್ಮೆ ನೋಡಿ, ಏನೂ ಕೇಳದೆ ಹೊರಟುಹೋದ.

ಆದರೆ ಇಷ್ಟೊಂದು ವಾಚು ಯಾಕೆ? ಅದನ್ನು ಆ ಡಬ್ಬಿಯವಳೇ ಹೇಳಿದಳು. ಹೊಲಿಗೆ ಹಾಲಿನ ಗಡಿಯಾರವನ್ನು ಸುಣ್ಣ ಬಳಿಯುತ್ತೇವೆಂದು ಇಳಿಸಿದವರು ಮತ್ತೆ ಏರಿಸಲಿಲ್ಲ. ಆಮೇಲೆ ಫೋನುಗಳನ್ನು ಗೇಟಿನಲ್ಲೇ ಇಟ್ಟುಕೊಳ್ಳತೊಡಗಿದರು. ಐದೂವರೆಗೆ ಹೊಡೆಯಬೇಕಾದ, ಕೆಲಸ ಬಿಡುವ ಗಂಟೆ ಮೆಲ್ಲಮೆಲ್ಲಗೆ ಆರರ ಕಡೆಗೆ ಜಾರತೊಡಗಿತು. ಹೆಂಗಸರೇನು ದಡ್ಡಿಯರೇ? ಮನೆಯ ಪೆಟ್ಟಿಗೆಗಳ ತಳ ತಡಕಿ, ಮೂಲೆ ಸೇರಿದ ವಾಚುಗಳನ್ನು ತೆಗೆದು ಕಟ್ಟಿಕೊಂಡು ಬಂದರು. ಅಲ್ಲಿಗೂ ಮುಗಿಯಲಿಲ್ಲ. ಒಬ್ಬೊಬ್ಬರ ವಾಚು ಒಂದೊಂದು ಹೊತ್ತು ತೋರಿಸುತ್ತಿತ್ತು. ಮ್ಯಾನೇಜರನ ಹತ್ತಿರ ಹೋದರೆ, ಇದರಲ್ಲಿ ಯಾರ ಹೊತ್ತನ್ನಮ್ಮ ನಾನು ನಂಬೋದು ಎಂದು ನಗುತ್ತಿದ್ದನಂತೆ.

“ಎಲ್ಲಾ ವಾಚೂ ಒಂದೇ ಮಾತು ಆಡೋ ಹಾಗೆ ಮಾಡ್ತೀಯೇನೋ?” ಎಂದು ಅಕ್ಕ ಕೇಳಿದಳು.

ಮಾಡ್ತೀಯೇನೋ ಅಂತ ಕೇಳುವುದುಂಟೇ! ಆ ವಾರ ಸೆಕೆಂಡಣ್ಣ ಮದುವೆಯ ಮನೆಯವನ ಹಾಗೆ ಓಡಾಡಿದ. ಮೆಟ್ಟಿಲ ಕೆಳಗೆ ಸಾಲು ನಿಂತಿತು, ಮಹಡಿಯವರಿಗೆ ಹತ್ತಲು ದಾರಿಯಿಲ್ಲ. ಸೆಲ್ಲು ಹಾಕಿದ, ತುಕ್ಕು ಉಜ್ಜಿದ, ಗಾಜು ಕೂರಿಸಿದ, ನಿಂತ ಮುಳ್ಳುಗಳಿಗೆ ಜೀವ ತಂದ. ಒಬ್ಬರ ಮೇಲೂ ರೇಗಲಿಲ್ಲ. ನಕ್ಕಿದ್ದ ಹೆಂಡತಿಯೇ ಪಕ್ಕದಲ್ಲಿ ನಿಂತು ಪಟ್ಟಿಗಳಿಗೆ ತೂತು ಹೊಡೆದುಕೊಟ್ಟಳು. ಕೊನೆಗೆ ಒಂದು ಬೆಳಗ್ಗೆ ಗೇಟಿನ ಪಕ್ಕದ ಕಲ್ಲಿನ ಮೇಲೆ ಕೂತು, ಫೋನು ಎದುರಿಗಿಟ್ಟುಕೊಂಡು, ಒಳಗೆ ಹೋಗುವ ಪ್ರತಿ ವಾಚಿನ ಹೊತ್ತನ್ನೂ ತನ್ನ ಕೈಯಾರೆ ತಿರುಗಿಸಿ ಕಳಿಸಿದ.

ಸಂಜೆ ಗೇಟಿನ ಹೊರಗೆ ಕಾದು ನಿಂತ. ಬಂದವರ ಮುಖದಲ್ಲಿ ಕಳೆಯಿರಲಿಲ್ಲ. ಕೊನೆಗೆ ಬಂದ ಅಕ್ಕ ಅವನ ಫೋನಿನ ಪಕ್ಕಕ್ಕೆ ತನ್ನ ಕೈ ಇಟ್ಟಳು. ವಾಚು ಐದು ನಿಮಿಷ ಮುಂದಿತ್ತು.

ಸೆಕೆಂಡಣ್ಣ ತನ್ನ ಬೆರಳುಗಳನ್ನು ನೋಡಿಕೊಂಡ. ಕಸುಬು ಕಲಿಸಿದ ಮುದುಕ ಹೇಳಿಕೊಟ್ಟ ಪಾಠ ಅದು. ಗಿರಾಕಿಗೆ ವಾಚು ಹಿಂದಿರುಗಿಸುವಾಗ ಮುಳ್ಳನ್ನು ಚೂರು ಮುಂದೆ ತಳ್ಳಿ ಕೊಡಬೇಕು, ಬಸ್ಸು ಸಿಕ್ಕಿದವನು ಹೊಗಳುತ್ತಾನೆ, ಬಸ್ಸು ತಪ್ಪಿದವನು ಬಂದು ಜಗಳ ಆಡುತ್ತಾನೆ. ಇಷ್ಟು ವರ್ಷ ಹಾಗೇ ಕೊಟ್ಟ ಬೆರಳುಗಳು ಅವನನ್ನು ಕೇಳದೆಯೇ ಎಲ್ಲ ವಾಚುಗಳನ್ನೂ ಮುಂದೆ ತಳ್ಳಿದ್ದವು.

ಆ ವಾಚುಗಳಲ್ಲಿ ಐದೂವರೆ ಆದದ್ದೇ ಒಳಗೆ ಎಲ್ಲರೂ ಒಟ್ಟಿಗೆ ಎದ್ದು ನಿಂತಿದ್ದರು. ಮ್ಯಾನೇಜರ್ ತನ್ನ ಫೋನು ಹಿಡಿದು ಬಂದ, ಇನ್ನೂ ಹೊತ್ತೇ ಆಗಿಲ್ಲ. ಯಾರ ವಾಚು ನೋಡಿ ಎದ್ದಿರಿ ಎಂದು ಕೈ ಚಾಚುವಷ್ಟರಲ್ಲಿ ಅಕ್ಕ ಅಡ್ಡ ಬಂದಿದ್ದಳು. ಯಾರೂ ವಾಚು ನೋಡಿಲ್ಲ ಸಾರ್, ನಾನು ಏಳಿ ಅಂದೆ, ಎದ್ದರು ಎಂದಿದ್ದಳು. ಅಲ್ಲಿಗೆ ಅವಳ ಸೂಪರ್‌ವೈಸರ್ ಕುರ್ಚಿ ಹೋಯಿತು. ನಾಳೆಯಿಂದ ಗುಂಡಿ ಹೊಲಿಯುವ ಮೆಷಿನ್ನಿಗೆ.

ಈಗಲೇ ಒಳಗೆ ಹೋಗಿ ಮ್ಯಾನೇಜರನ ಕೊರಳಪಟ್ಟಿ ಹಿಡಿದು ತಪ್ಪು ನನ್ನದು ಅಂತ ಹೇಳುತ್ತೇನೆ ಎಂದು ಸೆಕೆಂಡಣ್ಣ ಹೊರಟೇಬಿಟ್ಟ. ಅಕ್ಕ ಅವನ ಅಂಗಿ ಹಿಡಿದು ನಿಲ್ಲಿಸಿದಳು.

“ಹೇಳು, ಹೋಗು. ವಾಚುಗಳೇ ಸುಳ್ಳು ಅಂತ ಗೊತ್ತಾದ ಮೇಲೆ ನಾಳೆ ಇವರ ಮಾತು ಯಾರು ಕೇಳ್ತಾರೆ? ಸಿಟ್ಟು ನುಂಗೋದು ಈಗಲಾದ್ರೂ ಕಲಿ. ಬೆಳಗ್ಗೆ ಬೇಗ ಬಾ, ಎಲ್ಲಾ ಸರಿ ಮಾಡು.”

ಬೆಳಗ್ಗೆ ಅದೇ ಕಲ್ಲಿನ ಮೇಲೆ ಕೂತು ಬೆರಳುಗಳನ್ನು ಬೈಯುತ್ತ, ಒಂದೊಂದನ್ನೂ ಎರಡೆರಡು ಸಲ ನೋಡಿ, ಎಲ್ಲ ಮುಳ್ಳುಗಳನ್ನೂ ಹಿಂದಕ್ಕೆ ತಂದ. ಸಂಜೆ ಕಾಂಪೌಂಡಿನ ಗೋಡೆಗೆ ಕಿವಿಯಿಟ್ಟು ನಿಂತ. ಒಳಗೆ ನೂರಾರು ಮೆಷಿನ್ನುಗಳು ಗುಂಯ್ ಎನ್ನುತ್ತಿದ್ದವು. ಫೋನಿನಲ್ಲಿ ಐದೂವರೆ ಆಯಿತು. ಗಂಟೆಯಿಲ್ಲ. ಅಷ್ಟರಲ್ಲಿ ಒಂದು ಮೂಲೆಯಲ್ಲಿ ಸದ್ದು ನಿಂತಿತು, ಅದರ ಪಕ್ಕದಲ್ಲಿ ನಿಂತಿತು, ಸಾಲಿನಿಂದ ಸಾಲಿಗೆ ನಿಲ್ಲುತ್ತ ಹೋಗಿ ಇಡೀ ಕಾರ್ಖಾನೆ ಉಸಿರು ಬಿಗಿಹಿಡಿದಂತಾಯಿತು. ಒಳಗೆ ಮ್ಯಾನೇಜರ್ ಕೈಯಿಂದ ಕೈಗೆ ವಾಚು ನೋಡುತ್ತ ನಡೆದನಂತೆ, ಎಲ್ಲವೂ ಒಂದೇ ಹೊತ್ತು, ಅವನ ಫೋನಿನದೂ ಅದೇ. ಗಂಟೆ ಹೊಡೆಯಿತು! ಸೆಕೆಂಡಣ್ಣ ಬೀದಿಯಲ್ಲೇ ಕುಣಿದ. ಕಾವಲುಗಾರ ಇವನಿಗೆ ದೆವ್ವ ಮೆಟ್ಟಿದೆಯೇ ಎಂದು ನೋಡಿದ.

ಅಂದಿನಿಂದ ಗಂಟೆ ಜಾರಿಲ್ಲ. ಯಾರಾದರೂ ಇವತ್ತು ಬಂದು ಈಗ ಯಾರ್ರೀ ವಾಚು ಕಟ್ತಾರೆ ಎಂದರೆ, ಸೆಕೆಂಡಣ್ಣ ಕಣ್ಣಿಗೆ ಸಿಕ್ಕಿಸಿದ ಭೂತಗನ್ನಡಿಯನ್ನೂ ತೆಗೆಯದೆ ಎದುರಿನ ಗಿರಾಕಿಗಳ ಸಾಲು ತೋರಿಸುತ್ತಾನೆ.

ಅಕ್ಕನ ಕುರ್ಚಿಯಲ್ಲಿ ಈಗ ಬೇರೆಯವಳು ಕೂತಿದ್ದಾಳೆ. ಎಲ್ಲ ಸರಿಹೋಯಿತಲ್ಲ, ಈಗಲಾದರೂ ನಿಜ ಹೇಳಿಬಿಡಲೇ ಎಂದು ಅವನು ಎಷ್ಟೋ ಸಲ ಕೇಳಿದ್ದಾನೆ. ಹೇಳಿದರೆ ಗಂಟೆ ಮತ್ತೆ ಜಾರುತ್ತದೆ, ಸುಮ್ಮನಿರು ಎನ್ನುತ್ತಾಳೆ. ಹೊಸ ವಾಚು ಕೊಡಲು ಹೋದರೆ, ಇರೋದೇ ಚೆನ್ನಾಗಿ ನಡೀತಿದೆ ಎಂದು ಹಿಂದಕ್ಕೆ ತಳ್ಳಿದಳು. ಸೂಜಿ ಚುಚ್ಚಿ ಚುಚ್ಚಿ ಒರಟಾದ ಬೆರಳುಗಳಿಂದ ಅವಳು ತಲೆಗೂದಲು ಸರಿಮಾಡಿಕೊಳ್ಳುವಾಗ ಸೆಕೆಂಡಣ್ಣ ಬೇರೆ ಕಡೆ ನೋಡುತ್ತಾನೆ. ಆ ಋಣ ಹಾಗೇ ಇದೆ.