ಹಡಗಲಿ ರೈಲು ನಿಲ್ದಾಣ

ಅಡುಗೆಮನೆಯಲ್ಲಿ ನನ್ನ ಹೆಂಡತಿ ರವೆ ಹುರಿಯುತ್ತಿದ್ದಾಳೆ. ಆ ಘಮ ಮೆಟ್ಟಿಲು ಹತ್ತಿ ಬಂದು, ಮೇಲಿನ ಕೋಣೆಯಲ್ಲಿ ಅಂಟಿನ ಡಬ್ಬಿ ಹಿಡಿದು ಕೂತ ನನ್ನ ಮೂಗಿಗೆ ಬಡಿದ ಕೂಡಲೇ ಎದೆ ಒಂದಿಷ್ಟು ಡವಡವ ಎಂದಿತು. ನಾಳೆ ನಮ್ಮ ಮನೆಗೆ ಹೆಣ್ಣು ನೋಡಲು ಬರುತ್ತಾರೆ. ಗಾಬರಿಯಾಗಬೇಡಿ, ನನಗೆ ಹೆಣ್ಣುಮಕ್ಕಳಿಲ್ಲ. ನಾಳೆ ಅವರು ನೋಡಲಿರುವ ಹೆಣ್ಣು ಎಂಟು ಅಡಿ ಉದ್ದ, ಮೂರು ಅಡಿ ಅಗಲದ ಒಂದು ಪ್ಲೈವುಡ್ ಹಲಗೆ. ಅದರ ಮೇಲೆ ಹಳಿ ಇದೆ, ಸಿಗ್ನಲ್ ಇದೆ, ಗುಡ್ಡ ಇದೆ. ಅಂಗೈಯಲ್ಲಿ ಹಿಡಿಸುವ ಎಂಜಿನ್ನೊಂದು ನಾಲ್ಕು ಡಬ್ಬಿ ಎಳೆದುಕೊಂಡು ಅಲ್ಲಿ ಸುತ್ತು ಹಾಕುತ್ತದೆ.

ಬಿಡಿಸಿ ಹೇಳದಿದ್ದರೆ ನೀವು ನನ್ನನ್ನು ಹುಚ್ಚನೆಂದುಕೊಳ್ಳುತ್ತೀರಿ. ಬಿಡಿಸಿ ಹೇಳಿದ ಮೇಲೂ ಹಾಗೇ ಅಂದುಕೊಂಡವರಿದ್ದಾರೆ, ಅವರಲ್ಲಿ ನನ್ನ ಹೆಂಡತಿಯೇ ಮೊದಲನೆಯವಳು. ಪುಟ್ಟ ರೈಲು ಕಟ್ಟಿ ಓಡಿಸುವ ಚಟದವರ ಕೂಟ ನಮ್ಮದು. ಒಟ್ಟು ಆರು ಜನ. ನಾನು ಕೊಟ್ಟೂರಿನಲ್ಲಿ ಚಿತ್ರಕಲೆ ಕಲಿಸಿ ನಿವೃತ್ತನಾದ ಮಾಸ್ತರ. ಹರಪನಹಳ್ಳಿಯ ಖಾಜಾಸಾಬರು ಸುಟ್ಟ ಮೋಟಾರಿಗೆ ಹೊಸ ತಂತಿ ಸುತ್ತುವ ಕಸುಬಿನವರು, ನಮ್ಮೆಲ್ಲರ ಎಂಜಿನ್ನುಗಳಿಗೂ ಅವರೇ ವೈದ್ಯರು. ಹಗರಿಬೊಮ್ಮನಹಳ್ಳಿಯಿಂದ ಮೂವರು ಅಣ್ಣತಮ್ಮಂದಿರು. ಒಬ್ಬರ ಮಾತು ಇನ್ನೊಬ್ಬರಿಗೆ ಸೇರದ ಕಾರಣ ಒಂದೇ ಮನೆಯಲ್ಲಿ ಮೂರು ಹಲಗೆ ಹಾಕಿಕೊಂಡು, ಮೂವರೂ ಒಂದೇ ಸ್ಟೇಷನ್ ಕಟ್ಟುತ್ತಾರೆ. ಆರನೆಯವರು ಹೂವಿನಹಡಗಲಿಯ ನಾಗರತ್ನಮ್ಮ. ಈ ಪ್ರಬಂಧವೆಲ್ಲ ಅವರ ಕುರಿತೇ.

ವರ್ಷಕ್ಕೊಮ್ಮೆ ಕೊಟ್ಟೂರಿನ ಒಂದು ಕಲ್ಯಾಣ ಮಂಟಪದಲ್ಲಿ ಎರಡು ದಿನ ನಮ್ಮ ಪ್ರದರ್ಶನ. ಅದಕ್ಕೆ ಎರಡು ವಾರ ಮೊದಲು ನಾವೆಲ್ಲ ಒಬ್ಬರ ಮನೆಗೊಬ್ಬರು ಹೋಗಿ ಹಲಗೆ ನೋಡಿ ಬರಬೇಕು. ಇದಕ್ಕೆ ಹೆಣ್ಣು ನೋಡುವುದು ಎಂದು ಹೆಸರಿಟ್ಟವರು ಖಾಜಾಸಾಬರು, ಪದ್ಧತಿಯೂ ಹಾಗೇ ಬೆಳೆದು ಬಂತು. ಹೋದವರಿಗೆ ಉಪ್ಪಿಟ್ಟು, ಚಹಾ. ಮನೆಯವರು ರೈಲು ಓಡಿಸಿ ತೋರಿಸುತ್ತಾರೆ. ನಾವು ಬಗ್ಗಿ ನೋಡುತ್ತೇವೆ, ಕನ್ನಡಕ ತೆಗೆದು ನೋಡುತ್ತೇವೆ, ಹಾಕಿ ನೋಡುತ್ತೇವೆ. ಆದರೆ ಆ ಮನೆಯ ಹೊಸ್ತಿಲ ಒಳಗೆ ಚಲೋ ಐತಿ ಎಂದಾಗಲಿ, ಇಲ್ಲವೆಂದಾಗಲಿ ಯಾರೂ ಬಾಯಿ ಬಿಡಬಾರದು. ಎದ್ದು ಬರುವಾಗ “ತಿಳಸ್ತೀವ್ರಿ” ಎನ್ನಬೇಕು, ಅಷ್ಟೇ. ಮಾರನೆಯ ದಿನ ಮೂರನೆಯವರ ಕಡೆಯಿಂದ ಮಾತು ಹೋಗುತ್ತದೆ. ಈ ಪದ್ಧತಿಯಲ್ಲಿ ದೊಡ್ಡ ಮರ್ಯಾದೆ ಇದೆ. ಬೇಡವೆನ್ನಿಸಿಕೊಂಡವರು ತಮ್ಮ ಮನೆಯಲ್ಲಿ ತಾವೇ ಮುಖ ತೊಳೆದುಕೊಂಡು ಸುಧಾರಿಸಿಕೊಳ್ಳಬಹುದು. ನಾನು ಒಮ್ಮೆ ಉಚ್ಚಂಗಿದುರ್ಗದ ಗುಡ್ಡ ಮಾಡಿದಾಗ “ಮಾಸ್ತರ ಗುಡ್ಡ ಕುಂಬಳಕಾಯಿ ಕಂಡಂಗ ಕಾಣ್ತೈತಿ” ಎಂದು ಹೇಳಿಕಳಿಸಿದ್ದರು. ಎರಡು ದಿನ ನನಗೆ ಊಟ ಸೇರಿರಲಿಲ್ಲ.

ಕೂಟಕ್ಕೆ ಒಂದು ನಿಯಮವನ್ನೂ ನಾನೇ ಹಾಕಿಕೊಟ್ಟಿದ್ದೆ: ಇದ್ದದ್ದು ಇದ್ದ ಹಾಗೆ. ನೋಡಿದ್ದನ್ನು ಮಾಡಬೇಕು, ಮನಸ್ಸಿಗೆ ಬಂದದ್ದನ್ನಲ್ಲ. ಕೊಟ್ಟೂರು ಸ್ಟೇಷನ್ನಿನ ಕಿಟಕಿಗಳನ್ನು ಎಣಿಸಿ, ಪ್ಲಾಟ್‌ಫಾರಂ ಅನ್ನು ಹೆಜ್ಜೆಯಿಂದ ಅಳೆದು, ಕಲ್ಲುಬೆಂಚಿನ ಕಾಲು ಯಾವ ಕಡೆ ಮುಕ್ಕಾಗಿದೆ ಎಂಬುದನ್ನೂ ಬರೆದುಕೊಂಡು ಬಂದು ಕಟ್ಟಿದವನು ನಾನು. ಅಳೆಯುತ್ತಿದ್ದಾಗ ಪ್ರಯಾಣಿಕರೊಬ್ಬರು “ಏನ್ರಿ, ಸ್ಟೇಷನ್ ತಗೊಳ್ಳೋರೇನು?” ಎಂದು ಕೇಳಿದ್ದರು. ನಮ್ಮ ಕೆಲಸ ಆಟಿಕೆಯಲ್ಲ, ದಾಖಲೆ ಎಂದು ನಾನು ಎದೆಯುಬ್ಬಿಸಿ ಹೇಳಿಕೊಂಡು ತಿರುಗುತ್ತಿದ್ದ ಕಾಲವದು. ಅಂಥವನ ಎದುರಿಗೆ ನಾಗರತ್ನಮ್ಮನ ಹಲಗೆ ಬಂತು.

ಹಡಗಲಿಯಲ್ಲಿ ಅವರದು ಮಲ್ಲಿಗೆ ವ್ಯಾಪಾರ. ಬೆಳಕು ಹರಿಯುವ ಮೊದಲೇ ತೋಟದವರಿಂದ ಮೊಗ್ಗು ತಗೊಂಡು, ಬುಟ್ಟಿಗೆ ಒದ್ದೆ ಬಟ್ಟೆ ಸುತ್ತಿ, ಬಸ್ಸಿಗೆ ಹಾಕಿ ಬೇರೆ ಊರುಗಳಿಗೆ ಕಳಿಸುತ್ತಾರೆ. ಪ್ರದರ್ಶನ ನೋಡಲು ಬಂದವರು ಹಿಂದಿನ ವರ್ಷವಷ್ಟೇ ಕೂಟ ಸೇರಿದ್ದರು. ಅದು ಅವರ ಮೊದಲ ಹಲಗೆ. ಹನ್ನೊಂದು ತಿಂಗಳು ಕೂತು ಮಾಡಿದ್ದರಂತೆ. ನಾವು ಹೋದ ದಿನ ಅವರ ಅತ್ತೆಯವರು ಸೆರಗು ಹೊದ್ದು ಕುರ್ಚಿ ಹಾಕಿಕೊಂಡು ಕೂತಿದ್ದರು, ಅಕ್ಕಪಕ್ಕದ ಹೆಣ್ಣುಮಕ್ಕಳು ಬಾಗಿಲಲ್ಲಿ ನಿಂತಿದ್ದರು. ಆ ಹಲಗೆ ನೋಡಿ ನಾನು ಒಳಗೊಳಗೇ ದಂಗಾದೆ, ಸುಳ್ಳೇಕೆ ಹೇಳಲಿ. ಒಣಗಿದ ತುಳಸಿ ಕಡ್ಡಿಯ ಗಿಡಗಳು, ಕುದಿಸಿ ಒಣಗಿಸಿದ ಚಹಾಪುಡಿಯ ಹೊಲ, ಮಲ್ಲಿಗೆ ತೋಟದ ತುಂಬ ಒಂದೊಂದಾಗಿ ಅಂಟಿಸಿದ ರವೆಯ ಮೊಗ್ಗು. ಒಂದು ಅಂಚಿಗೆ ಊರು, ನಡುವೆ ಸ್ಟೇಷನ್. ಪ್ಲಾಟ್‌ಫಾರಂ ಮೇಲೆ ಬೆರಳುಗುರಿನಷ್ಟು ಹೂಬುಟ್ಟಿಗಳು ಸಾಲಾಗಿ ಗಾಡಿಗೆ ಕಾಯುತ್ತಿದ್ದವು.

ಅದರ ಹಳದಿ ಫಲಕವನ್ನು ಬಗ್ಗಿ ಓದಿದೆ. ಹೂವಿನಹಡಗಲಿ ಎಂದಿತ್ತು.

ಕೈಯಲ್ಲಿದ್ದ ಉಪ್ಪಿಟ್ಟಿನ ತಟ್ಟೆ ಕೆಳಗಿಟ್ಟೆ. ನಿಮಗೆ ಗೊತ್ತಿರಲಿ, ನಮ್ಮ ಕಡೆಯ ರೈಲು ಹಗರಿಬೊಮ್ಮನಹಳ್ಳಿ, ಕೊಟ್ಟೂರು, ಹರಪನಹಳ್ಳಿ ಹಾದು ಹೋಗುತ್ತದೆ. ಹಡಗಲಿಗೆ ಹಳಿಯೇ ಇಲ್ಲ.

“ನಾಗರತ್ನಮ್ಮಾರ, ಹಡಗಲಿಗೆ ರೈಲಿಲ್ಲಲ್ರಿ?” ಎಂದೆ.

“ಇಲ್ಲಂತನ ಮಾಡೀನ್ರಿ ಸರ್” ಎಂದರು ಅವರು, ನಗುತ್ತಲೇ. “ಇದ್ದಿದ್ರ ಇಷ್ಟು ತ್ರಾಸ ಯಾಕ ತಗೋತಿದ್ದೆ? ಕೊಟ್ಟೂರಿನಿಂದ ಒಂದು ಲೈನ್ ಎಳದೀನಿ.”

ಖಾಜಾಸಾಬರು ನನ್ನ ಅಂಗಿ ಜಗ್ಗಿದರು. ನಾನು ಕೇಳಲಿಲ್ಲ. ಮೂವತ್ತು ವರ್ಷ ಮಕ್ಕಳ ಡ್ರಾಯಿಂಗ್ ಪುಸ್ತಕದ ಮೇಲೆ ಕೆಂಪು ಶಾಯಿ ಓಡಿಸಿದ ಕೈ ನನ್ನದು, ನಾಲಿಗೆಗೂ ಅದೇ ರೂಢಿ. “ಇದನ್ನ ಪ್ರದರ್ಶನಕ್ಕ ಇಡಾಕ ಬರಂಗಿಲ್ರಿ. ಇಲ್ಲದ್ದನ್ನ ಐತಿ ಅಂತ ಜನಕ್ಕ ತೋರ್ಸೋದು ತಪ್ಪು” ಎಂದುಬಿಟ್ಟೆ. ಅವರ ಮನೆಯಲ್ಲೇ, ಅವರ ಅತ್ತೆಯ ಎದುರಿಗೇ, ಅವರು ಬಡಿಸಿದ ಉಪ್ಪಿಟ್ಟು ಗಂಟಲಿಂದ ಪೂರ್ತಿ ಕೆಳಗಿಳಿಯುವ ಮೊದಲೇ. ಬಾಗಿಲಲ್ಲಿದ್ದ ಹೆಣ್ಣುಮಕ್ಕಳು ಒಬ್ಬೊಬ್ಬರಾಗಿ ಸರಿದುಹೋದರು. ನಾಗರತ್ನಮ್ಮ ಸ್ವಿಚ್ಚು ಒತ್ತಿ ರೈಲು ನಿಲ್ಲಿಸಿದರು. ಅತ್ತೆಯವರು ಮಾತ್ರ ಸೊಸೆಯ ಮುಖ ನೋಡಿ “ಏನಂತಾರವ್ವ ಅವರು? ಚಲೋ ಆಗಿಲ್ಲಂತೇನು?” ಎಂದು ಕೇಳಿದರು. 

ಹಿಂದಿರುಗುವಾಗ ಬಸ್ಸಿನಲ್ಲಿ ಖಾಜಾಸಾಬರು ನನ್ನ ಪಕ್ಕ ಕೂತಿದ್ದರು. ಸಿಟ್ಟು ಬಂದರೆ ಅವರು ಮೆಲ್ಲಗೆ ಮಾತಾಡುತ್ತಾರೆ.

“ಉಂಡ ಮನ್ಯಾಗ ಹಿಂಗ ಅಂತಾರೇನ್ರಿ ಮಾಸ್ತರ್ರ? ನನ್ನ ಮುಂದ ಅಂದಿದ್ರ ನಾನ ನಾಳೆ ಮೆತ್ತಗ ಹೇಳ್ತಿದ್ದೆ.”

“ನಿಯಮ ನಿಯಮರಿ.”

“ನಿಯಮ ಇರ್ಲಿ. ನೀವು ಯಾವೂರವ್ರು?”

“ಕೊಟ್ಟೂರು.”

“ಹುಟ್ಟಿದ್ದ ಕೇಳಾಕತ್ತೀನಿ.”

“ಕೂಡ್ಲಿಗಿ” ಎಂದೆ, ತುಸು ಸಣ್ಣ ದನಿಯಲ್ಲಿ.

“ಕೂಡ್ಲಿಗಿಗೆ ರೈಲೈತೇನು?” ಎಂದು ಕೇಳಿ ಅವರು ಕಣ್ಣು ಮುಚ್ಚಿಕೊಂಡರು. ಅಲ್ಲಿಗೂ ಹಳಿಯಿಲ್ಲ. ನನಗೆ ಆ ಮಾತಿಗೂ ಈ ಮಾತಿಗೂ ಏನು ಸಂಬಂಧವೆಂದು ಸಿಟ್ಟೇ ಬಂತು. ಕೂಡ್ಲಿಗಿ ಬಿಟ್ಟು ಎಷ್ಟೋ ಕಾಲವಾಗಿತ್ತು. ನೌಕರಿ, ಮನೆ, ಹೆಸರು ಎಲ್ಲ ಕೊಟ್ಟೂರಿನದು. ಯಾರು ಕೇಳಿದರೂ ನಾನು ಕೊಟ್ಟೂರಿನವನೇ ಆಗಿಬಿಟ್ಟಿದ್ದೆ.

ನಾಗರತ್ನಮ್ಮ ಕೂಟ ಬಿಡುತ್ತಾರೆ, ಇನ್ನು ಮುಖ ತೋರಿಸುವುದಿಲ್ಲ ಎಂದು ನಾವೆಲ್ಲ ತಿಳಿದಿದ್ದೆವು. ಮೂರನೆಯ ದಿನ ಬೆಳಿಗ್ಗೆ ನಮ್ಮ ಮನೆಯ ಬಾಗಿಲಲ್ಲೇ ನಿಂತಿದ್ದರು. ಬಸ್ಸಿಗೆ ಹೂಬುಟ್ಟಿ ಹಾಕಿ, ಅದೇ ಬಸ್ಸಿನಲ್ಲಿ ತಾವೂ ಬಂದಿದ್ದರು. ಒಳಗೆ ಬರ್ರಿ ಎಂದರೆ ಬರಲಿಲ್ಲ. ಕಟ್ಟೆಯ ಮೇಲೆ ಕೂತರು.

“ಸರ್, ಕೈಯಾಗಿನ ಕೆಲಸ ಕೆಟ್ಟಿದ್ರ ಹೇಳ್ರಿ, ತಿದ್ದಿಕೋತೀನಿ. ಇದು ಬ್ಯಾಡ, ಕೊಟ್ಟೂರು ಸ್ಟೇಷನ್ ಮಾಡು ಅಂದ್ರ ನನಗ ಆಗಂಗಿಲ್ಲ. ಅದು ನಿಮ್ಮೂರಾಗ ಐತಿ, ನೀವು ಮಾಡ್ರಿ.”

“ಹಂಗಲ್ಲ, ಜನ ಖರೇ ಅಂತ ನಂಬಿಬಿಡ್ತಾರ” ಎಂದೆ.

ಅವರು ನನ್ನನ್ನೇ ನೋಡಿದರು. “ನನ್ನ ತಮ್ಮ ನಿಮ್ಮ ಕಡೆ ಡ್ರಾಯಿಂಗ್ ಕಲ್ತಾನ್ರಿ. ಎರಡು ಗುಡ್ಡ, ನಡುವ ಸೂರ್ಯ, ಕೆಳಗ ಹೊಳಿ, ಬಗಲಿಗೊಂದು ಗುಡಿಸಲ. ನೀವ ರೈಟ್ ಹಾಕಿ ಸಹಿ ಮಾಡೀರಿ. ಅದು ಯಾವ ಗುಡ್ಡ, ಯಾವ ಹೊಳಿ ಅಂತ ಕೇಳಿದ್ರೇನು? ಈ ಸೀಮಿಯೊಳಗ ಅಂಥ ಗುಡ್ಡ ಎಲ್ಲಿ ಐತ್ರಿ?”

ನಿಮ್ಮಾಣೆ, ನಾನು ಸಹಿ ಮಾಡಿದ ಆ ಗುಡ್ಡಗಳನ್ನು ಒಂದರ ಪಕ್ಕ ಒಂದಿಟ್ಟರೆ ಕೊಟ್ಟೂರಿನಿಂದ ಹೊಸಪೇಟೆಯವರೆಗೆ ಬಿಡುವಿಲ್ಲದ ಪರ್ವತವಾಗುತ್ತಿತ್ತು. ಆದರೂ ಮಾಸ್ತರನ ಸೊಕ್ಕು ಒಮ್ಮೆಲೇ ಇಳಿಯುವಂಥದಲ್ಲ. ಇಡಬಹುದು, ಆದರೆ ಮೂಲೆಯ ಕಂಬದ ಹಿಂದೆ, ಮುಂದೊಂದು ಫಲಕ ಹಾಕಿ ಎಂದೆ. ಫಲಕವನ್ನು ನಾನೇ ದಪ್ಪ ಅಕ್ಷರದಲ್ಲಿ ಬರೆದೆ: ‘ಈ ಮಾರ್ಗ ಕಾಲ್ಪನಿಕ. ಹಡಗಲಿಗೆ ರೈಲು ಇರುವುದಿಲ್ಲ.’ ಅಕ್ಷರಗಳು ಬಹಳ ಚೆನ್ನಾಗಿ ಬಂದಿದ್ದವು.

ಪ್ರದರ್ಶನದ ದಿನ ನನ್ನ ಕೊಟ್ಟೂರು ಬಾಗಿಲ ಎದುರಿಗೇ ಇತ್ತು. ಜನ ಒಳಗೆ ಬಂದರು, ನೋಡಿದರು. “ಹೌದು, ಹಿಂಗ ಐತಿ” ಎಂದರು, ಮುಂದೆ ನಡೆದರು. ಬೇಕಾದಾಗ ಹೋಗಿ ನೋಡಬಹುದಾದ ಸ್ಟೇಷನ್ನನ್ನು ಹಲಗೆಯ ಮೇಲೆ ಎಷ್ಟು ಹೊತ್ತು ನೋಡಿಯಾರು? ಮುಕ್ಕಾದ ಬೆಂಚಿನ ಕಾಲನ್ನು ಒಬ್ಬನೂ ಗುರುತಿಸಲಿಲ್ಲ. ಹನ್ನೊಂದು ಗಂಟೆಗೆ ಕಂಬದ ಹಿಂದಿನಿಂದ ಗದ್ದಲ ಶುರುವಾಯಿತು. ಸುದ್ದಿ ಹೇಗೆ ಹೋಗಿತ್ತೋ, ಹಡಗಲಿಯಿಂದ ಒಂದು ಟೆಂಪೋ ತುಂಬ ಜನ ಇಳಿದಿದ್ದರು. ಅಯ್ಯೋ, ಮೋಸ ಹೋದೆವೆಂದು ಜಗಳ ತೆಗೆದರು ಅಂದುಕೊಂಡು ನಾನು ಓಡಿದೆ. ಜಗಳವೇನೋ ನಿಜ, ಆದರೆ ಬೇರೆಯದು.

“ಸ್ಟೇಷನ್ ಇಷ್ಟು ದೂರ ಹಾಕಿದ್ರ ವಯಸ್ಸಾದೋರು ಹೆಂಗ ಬರಬೇಕ್ರಿ? ಬಸ್ ಸ್ಟ್ಯಾಂಡ್ ಮಗ್ಗಲಿಗೆ ತರ್ರಿ” ಎಂದು ಒಬ್ಬ ಹೆಂಗಸು.

“ಅಲ್ಲಿ ಜಾಗ ಎಲ್ಲೈತಬೇ? ಸಂತಿಗೆ ಬಂದೋರು ಏನು ಹಳಿ ಮ್ಯಾಲ ಕೂಡಬೇಕೇನು?” ಎಂದು ರುಮಾಲಿನ ಹಿರಿಯರೊಬ್ಬರು.

“ಹೂವಿನ ಗಾಡಿ ಮೊದ್ಲ ಹೋಗ್ಬೇಕು, ಆಮ್ಯಾಲ ಜನ” ಎಂದು ಮತ್ತೊಬ್ಬರು.

ಫಲಕದ ಕಡೆ ಯಾರೂ ಕಣ್ಣೆತ್ತಿಯೂ ನೋಡಲಿಲ್ಲ. ನೋಡುವ ಅಗತ್ಯವೇನಿತ್ತು? ತಮ್ಮೂರಿಗೆ ರೈಲಿಲ್ಲವೆಂಬುದನ್ನು ಹಡಗಲಿಯವರಿಗೆ ನಾನು ಹೇಳಿಕೊಡಬೇಕಾಗಿತ್ತೇ? ನಾಗರತ್ನಮ್ಮ ಎಲ್ಲರ ಮಾತನ್ನೂ ತಲೆದೂಗಿ ಕೇಳುತ್ತಿದ್ದರು. ಮಧ್ಯಾಹ್ನ ಮಂದಿ ಊಟಕ್ಕೆ ಹೋದಾಗ ಚೀಲದಿಂದ ಅಂಟು, ಚಾಕು ತೆಗೆದು, ಸ್ಟೇಷನ್ನನ್ನು ಎಬ್ಬಿಸಿ ಅರ್ಧ ಅಡಿ ಊರ ಕಡೆಗೆ ಸರಿಸಿ ಕೂಡಿಸಿದರು. ಮರುದಿನ ಇನ್ನೊಂದು ಟೆಂಪೋ ಬಂತು, ಸ್ಟೇಷನ್ ಮತ್ತೆ ಜರುಗಿತು.

ಹೊಟ್ಟೆಕಿಚ್ಚಾಯಿತು, ಒಪ್ಪಿಕೊಳ್ಳುತ್ತೇನೆ. ಆಮೇಲೆ ನಾಚಿಕೆಯಾಯಿತು. ಅವತ್ತು ಅತ್ತೆಯ ಎದುರಿಗೆ ಆ ಹೆಣ್ಣುಮಗಳು ರೈಲು ನಿಲ್ಲಿಸಿದ್ದು ಕಣ್ಣಿಗೆ ಕಟ್ಟಿತು. ನಾನೇ ಹೋಗಿ ನನ್ನ ಫಲಕ ಕಿತ್ತು, ಮಡಿಚಿ ಕಿಸೆಯಲ್ಲಿಟ್ಟುಕೊಂಡೆ. ನಾಲ್ಕು ಜನ ಸೇರಿ ಹಲಗೆಯನ್ನು ಕಂಬದ ಹಿಂದಿನಿಂದ ಬಾಗಿಲ ಎದುರಿಗೆ ತಂದೆವು. ನನ್ನ ಕೊಟ್ಟೂರು ಮೂಲೆಗೆ ಹೋಯಿತು. ನಾಗರತ್ನಮ್ಮನ ಹತ್ತಿರ ತಪ್ಪಾಯಿತು ಎನ್ನಲು ಬಾಯಿ ಬರಲಿಲ್ಲ, ಆ ಮಾತನ್ನು ಖಾಜಾಸಾಬರ ಕೈಯಲ್ಲಿ ಹೇಳಿಕಳಿಸಿದೆ. ಅವರಿಂದ ಬಂದ ಉತ್ತರ ಇಷ್ಟೇ: “ಮಾಸ್ತರಿಗೆ ಹೇಳ್ರಿ, ಇನ್ನೊಮ್ಮಿ ಬಂದು ಉಪ್ಪಿಟ್ಟು ಪೂರ್ತಿ ಉಂಡು ಹೋಗ್ರಿ ಅಂತ.” ಹೋದೆ, ಉಂಡೆ.

ಇದೆಲ್ಲ ಆಗಿ ಕೆಲವು ವರ್ಷಗಳಾದವು. ಈಗ ಹೆಣ್ಣು ನೋಡುವವರ ಗುಂಪಿಗೆ ನಾಗರತ್ನಮ್ಮನೇ ಮುಂದಾಳು. ಅವರ ಕಣ್ಣಿಗೆ ನಾವೆಲ್ಲ ಹೆದರುತ್ತೇವೆ. ಇಷ್ಟು ಬರೆಯುವಷ್ಟರಲ್ಲಿ ಅವರದೇ ಫೋನು ಬಂತು, ನಾಳೆ ಯಾವ ಬಸ್ಸಿಗೆ ಬರುತ್ತೇವೆಂದು ಹೇಳಲು.

“ಈ ಸಲ ಏನ್ ಮಾಡೀರಿ ಸರ್?”

“ಕೂಡ್ಲಿಗಿ ಸ್ಟೇಷನ್” ಎಂದೆ. ಹೆಂಡತಿಗೂ ಹೆಸರು ಹೇಳದೆ ಇಷ್ಟು ದಿನ ಮೇಲೆ ಬಟ್ಟೆ ಹೊದಿಸಿಟ್ಟಿದ್ದೆ.

“ಹೌದಾ! ಎಲ್ಲಿಟ್ಟೀರಿ?”

“ಕೊಟ್ಟೂರು ರಸ್ತಿ ಕಡಿಗೆ.”

“ಅಲ್ಲ್ಯಾಕಿಟ್ರಿ? ಹೈವೇ ಕಡಿಗೆ ಇಟ್ಟಿದ್ರ ಚಲೋ ಆಕ್ಕಿತ್ತಲ್ಲ. ಬಸ್ಸಿನಿಂದ ಇಳದೋರು ಸೀದಾ ರೈಲಿಗೆ ಬರ್ತಿದ್ರು.”

ನನಗೆ ಎಲ್ಲಿತ್ತೋ ಸಿಟ್ಟು. “ಏನ್ ಮಾತಾಡ್ತೀರಿ ನಾಗರತ್ನಮ್ಮಾರ? ನಮ್ಮೂರಿಗೆ ರೈಲು ಯಾವ ಕಡಿಂದ ಬರಬೇಕು ಅಂತ ನನಗ ಗೊತ್ತಿಲ್ಲೇನ್ರಿ? ನಮ್ಮೂರ್ರೀ ಅದು!” ಎಂದು ಕೂಗಿಬಿಟ್ಟೆ. ದನಿ ಎಷ್ಟು ಜೋರಾಗಿತ್ತೆಂದರೆ ಹೆಂಡತಿ ಸೌಟು ಹಿಡಿದುಕೊಂಡೇ ಮೆಟ್ಟಿಲ ಬುಡಕ್ಕೆ ಬಂದು ನಿಂತಳು. ಕೂಡ್ಲಿಗಿಯನ್ನು ನಮ್ಮೂರು ಎಂದು ನನ್ನ ಬಾಯಿಂದ ಅವಳು ಕೇಳಿದ್ದು ಅದೇ ಮೊದಲು. ನಾನು ಕೇಳಿದ್ದೂ ಅದೇ ಮೊದಲು. 



“ಹಂಗಾದ್ರ ಅಲ್ಲೇ ಇರ್ಲಿ ಬಿಡ್ರಿ ಸರ್” ಎಂದರು ನಾಗರತ್ನಮ್ಮ ಆ ಕಡೆಯಿಂದ. “ನಾಳೆ ನಾವು ಅಲ್ಲೇ ಇಳಿತೀವಿ.”