ಎಣಿಕೆ ತಪ್ಪಿದ ಭಾನುವಾರ

ಭಾನುವಾರ ಬೆಳ್ಳಂಬೆಳಗ್ಗೆ ಸುನ್‌ವಾ ಚರ್ಚಿನ ಬಾಗಿಲಲ್ಲಿ ಒಂದು ಕುರಿಯ ಜೊತೆ ಜಗಳಕ್ಕೆ ನಿಂತಿದ್ದಾಳೆ. ಗಾಳಿ ಬೀಸದ ಆ ಮೂಲೆ ಕುರಿಗೆ ಒಗ್ಗಿಹೋಗಿದೆ, ಏಳಲೊಲ್ಲದು. "ಏಳೇ ತಾಯಿ. ಪ್ರಸಂಗ ಕೇಳ್ಬೇಕು ಅಂದ್ರೆ ಒಳಗ್ ಬಾ, ಬೆಂಚೆಲ್ಲ ಖಾಲೀನೇ ಇದೆ" ಎಂದು ಮೊಣಕಾಲಿನಿಂದ ಮೆಲ್ಲಗೆ ತಳ್ಳುತ್ತಾಳೆ. ಕುರಿ ಎದ್ದು ಹೋಗುತ್ತದೆ, ಹಿಕ್ಕೆ ಉಳಿಯುತ್ತದೆ. ಗುಡಿಸಿ, ಒಳಗೆ ಹೋಗಿ ಎಣ್ಣೆ ಒಲೆ ಹಚ್ಚುತ್ತಾಳೆ. ಜೂನ್ ತಿಂಗಳಾದರೇನು, ಉತ್ತರ ಅಟ್ಲಾಂಟಿಕ್ ಸಾಗರದ ಫರೋ ದ್ವೀಪಗಳ ಚಳಿಗೆ ಕ್ಯಾಲೆಂಡರ್ ಓದಲು ಬರುವುದಿಲ್ಲ.

ಆಮೇಲೆ ದಪ್ಪ ಪುಸ್ತಕವೊಂದನ್ನು ಎರಡೂ ಕೈಯಲ್ಲಿ ಎತ್ತಿಕೊಂಡು, ಸಭೆಗೂ ವೇದಿಗೂ ನಡುವಿನ ಮರದ ಚೌಕಟ್ಟಿನಲ್ಲಿ ನಿಂತು ಖಾಲಿ ಬೆಂಚುಗಳಿಗೆ ಓದಿ ಹೇಳುತ್ತಾಳೆ. ಕಷ್ಟದ ವಾಕ್ಯ ಬಂದರೆ ನಿಲ್ಲುತ್ತಾಳೆ, ಮತ್ತೆ ಓದುತ್ತಾಳೆ. ಎಡಗಡೆಯ ಎರಡನೇ ಬೆಂಚಿನ ಕಡೆಗೆ ದನಿ ಸ್ವಲ್ಪ ಏರುತ್ತದೆ. ಅಲ್ಲಿ ಕೂರುವ ಎಲ್ಸ್‌ಪಾ ಅಜ್ಜಿಗೆ ಬಲಗಿವಿ ಪೂರ್ತಿ ಕಿವುಡು, ಎಡಗಿವಿ ಅರ್ಧ.

ಸ್ಕಾರ್ವವೀಕ್ ಎಂಬ ಈ ಊರಿನಲ್ಲಿ ಮೂವತ್ತು ಚಿಲ್ಲರೆ ಜನ, ಅದಕ್ಕಿಂತ ಎಷ್ಟೋ ಪಾಲು ಹೆಚ್ಚು ಕುರಿ. ಪಾದ್ರಿಗಳು ಬರುವುದು ಐದಾರು ವಾರಕ್ಕೊಮ್ಮೆ, ಅದೂ ಸಮುದ್ರ ಒಪ್ಪಿದರೆ. ಉಳಿದ ಭಾನುವಾರಗಳಲ್ಲಿ ಊರಿನವರೇ ಒಬ್ಬರು ಹಾಡು ಎತ್ತಿಕೊಟ್ಟು, ಪಾದ್ರಿಗಳ ಉಪದೇಶಗಳನ್ನು ಅಚ್ಚು ಹಾಕಿದ ಪ್ರಸಂಗದ ಪುಸ್ತಕದಿಂದ ಅಂದಿನ ಪ್ರಸಂಗ ಓದಬೇಕು. ತಾತನ ಕಾಲದಿಂದ ನಡೆದು ಬಂದ ಪದ್ಧತಿ. ಓದುವವರು ಪ್ರಸಂಗಪೀಠ ಹತ್ತುವಂತಿಲ್ಲ, ಆಶೀರ್ವಾದ ಕೊಡುವಂತಿಲ್ಲ, ಪುಸ್ತಕದಲ್ಲಿ ಇಲ್ಲದ ಒಂದು ಮಾತನ್ನೂ ಸೇರಿಸುವಂತಿಲ್ಲ. ನಲವತ್ತು ವರ್ಷ ಹೀಗೆ ಓದಿದ ಮೌರಿಟ್ಸ್ ಅಜ್ಜನ ಗಂಟಲು ಕೈಕೊಟ್ಟಾಗ, ಮುಂದೆ ಯಾರು ಎಂಬ ಪ್ರಶ್ನೆ ಎದ್ದಿತು. ಬೆಕ್ಕಿಗೆ ಗಂಟೆ ಕಟ್ಟುವವರು ಯಾರು? ಗಂಡಸರೆಲ್ಲ ತಮ್ಮ ತಮ್ಮ ಬೂಟು ನೋಡಿಕೊಂಡರು. ಹಿಂದಿನ ಬೆಂಚಿನಿಂದ ಕೈ ಎತ್ತಿದವಳು ಇಪ್ಪತ್ತೆರಡರ ಸುನ್‌ವಾ. ಈಗ ಅವಳಿಗೆ ಇಪ್ಪತ್ತನಾಲ್ಕು.

"ಧೈರ್ಯ ಅಲ್ಲ, ಭಯ" ಎಂದು ನಗುತ್ತಾಳೆ. "ಬಾಗಿಲು ಹಾಕ್ಬಿಡ್ತಾರೆ ಅನ್ಸ್ತು. ಭಾನುವಾರ ಗಂಟೆ ಹೊಡೀದೆ ಇದ್ರೆ ಈ ಮುದುಕರು ಮನೆಯಿಂದ ಹೊರಗೇ ಬರಲ್ಲ. ಒಬ್ರ ಮುಖ ಒಬ್ರು ನೋಡಲ್ಲ."

ವಾರದ ಉಳಿದ ದಿನ ಅವಳ ಕಸುಬೂ ಆ ಮುದುಕರದ್ದೇ. ರಾಜಧಾನಿಯಲ್ಲಿ ಶುಶ್ರೂಷೆಯ ತರಬೇತಿ ಮುಗಿಸಿ ಬಂದವಳು, ಊರಾಡಳಿತದ ಪರವಾಗಿ ಮನೆ ಮನೆಗೆ ಹೋಗಿ ವಯಸ್ಸಾದವರನ್ನು ನೋಡಿಕೊಳ್ಳುತ್ತಾಳೆ. ಬೆಳಿಗ್ಗೆ ಏಳಕ್ಕೆ ಎಲ್ಸ್‌ಪಾ ಅಜ್ಜಿಗೆ ತಲೆ ಬಾಚಬೇಕು. ಆಮೇಲೆ ಒಬ್ಬರಿಗೆ ಮಾತ್ರೆ, ಇನ್ನೊಬ್ಬರಿಗೆ ಸ್ನಾನ, ಮತ್ತೊಬ್ಬರಿಗೆ ಬರೀ ಜೊತೆ. ಮನೆಗೊಂದರಂತೆ ಕಾಫಿ ಕುಡಿಯಲೇಬೇಕು, ಬೇಡವೆಂದರೆ ಮುನಿಸು. ಮಧ್ಯಾಹ್ನದ ಹೊತ್ತಿಗೆ ಅವಳ ಕೈ ಕಾಫಿಗೆ ನಡುಗುತ್ತಿರುತ್ತದೆ.

ಶುಕ್ರವಾರ ಸಂಜೆ ಹಡಗು ಹತ್ತಿ ಎದುರು ದ್ವೀಪದ ಯುವಸಭೆಗೆ ಹೋಗುತ್ತಾಳೆ. ಅಲ್ಲಿ ಗಿಟಾರು, ಡ್ರಮ್ಮು, ನಗು, ಅಳು, ದೊಡ್ಡ ದೊಡ್ಡ ಕನಸು. ಒಬ್ಬ ಆಫ್ರಿಕಾದಲ್ಲಿ ಬಾವಿ ತೋಡಲು ಹೊರಟಿದ್ದಾನೆ, ಒಬ್ಬಳು ಆಸ್ಪತ್ರೆ ಹಡಗು ಸೇರಿದ್ದಾಳೆ. ದೇವರು ನಿನ್ನನ್ನು ಯಾವುದಕ್ಕೆ ಕರೆದಿದ್ದಾನೆ ಎಂದು ಒಬ್ಬೊಬ್ಬರನ್ನಾಗಿ ಕೇಳುತ್ತಾ ಬಂದಾಗ ಸುನ್‌ವಾ, "ನನ್ನನ್ನಾ? ಎಲ್ಸ್‌ಪಾ ಅಜ್ಜಿ ಎಡಗಿವಿಗೆ" ಎಂದಿದ್ದಳು. ಎಲ್ಲರೂ ನಕ್ಕರು, ಅವಳೂ ನಕ್ಕಳು. ಹಡಗಿನಲ್ಲಿ ವಾಪಸು ಬರುವಾಗ ಮಾತ್ರ ಸಂಕಟವಾಯಿತಂತೆ. "ಎದೆ ಉರೀತಾ ಇರತ್ತೆ, ದೇವರಿಗೋಸ್ಕರ ಏನಾದ್ರೂ ಮಾಡ್ಬೇಕು ಅಂತ. ಹಚ್ಚೋಕೆ ಸಿಕ್ಕಿದ್ದು ಎಣ್ಣೆ ಒಲೆ" ಎನ್ನುತ್ತಿದ್ದಳು. ಆ ಮಾತಿನಲ್ಲಿ ತಮಾಷೆ ಎಷ್ಟು, ನೋವು ಎಷ್ಟು ಎಂದು ಅವಳಿಗೂ ಆಗ ಗೊತ್ತಿರಲಿಲ್ಲ. ಗೊತ್ತಾದದ್ದು ಹೋದ ವರ್ಷದ ಬೇಸಿಗೆಯಲ್ಲಿ.

ಅದನ್ನು ಹೇಳಬೇಕಾದರೆ ಯಾಸ್ಪುರ್ ಮತ್ತು ನಿಕ್ಲಾಯ್ ಎಂಬ ಅಣ್ಣತಮ್ಮಂದಿರ ಸುದ್ದಿ ಹೇಳಬೇಕು. ಅಣ್ಣ ಯಾಸ್ಪುರ್‌ಗೆ ಎಂಬತ್ತು ದಾಟಿದೆ, ತಮ್ಮ ಎಂಬತ್ತರ ಹೊಸ್ತಿಲಲ್ಲಿದ್ದಾನೆ. ಯಾಸ್ಪುರ್ ಗ್ರೀನ್‌ಲ್ಯಾಂಡ್ ಕಡೆಗೆ ಮೀನು ಹಿಡಿಯಲು ಹೋಗಿದ್ದಾಗ, ತೀರಿಹೋದ ಅಪ್ಪನ ಹಳೇ ದೋಣಿಯನ್ನು ನಿಕ್ಲಾಯ್ ಕೊಳೆತಿದೆ ಎಂದು ಸುಟ್ಟುಹಾಕಿದ. ದೋಣಿ ಕೊಳೆತದ್ದು ನಿಜ. ಅಣ್ಣನನ್ನು ಕೇಳದೇ ಇದ್ದದ್ದೂ ನಿಜ. ಅಂದು ನಿಂತ ಮಾತು ಇಪ್ಪತ್ತು ವರ್ಷವಾದರೂ ಹೊರಡಲಿಲ್ಲ. ಚರ್ಚಿನಲ್ಲಿ ಒಬ್ಬ ಎಡಕ್ಕೆ, ಒಬ್ಬ ಬಲಕ್ಕೆ ಕೂರುತ್ತಿದ್ದರು.

ಇಲ್ಲಿಯ ಬೇಸಿಗೆಯ ಭಾನುವಾರಗಳಿಗೆ ಹೆಸರಿಲ್ಲ, ಬೇಸಿಗೆಯ ಮೊದಲಲ್ಲಿ ಬರುವ ತ್ರಿತ್ವದ ಹಬ್ಬದಿಂದ ಎಣಿಸಿದ ಸಂಖ್ಯೆ ಮಾತ್ರ. ಒಂದೊಂದು ಸಂಖ್ಯೆಗೆ ಒಂದೊಂದು ಪ್ರಸಂಗ. ಆರನೆಯ ಭಾನುವಾರದ್ದು ರಾಜಿಯ ಪ್ರಸಂಗ: ವೇದಿಯ ಮುಂದೆ ಕಾಣಿಕೆ ಇಡಲು ಬಂದವನಿಗೆ ಸಹೋದರನ ಮನಸ್ತಾಪ ನೆನಪಾದರೆ, ಕಾಣಿಕೆಯನ್ನು ಅಲ್ಲೇ ಬಿಟ್ಟು ಮೊದಲು ಹೋಗಿ ಅವನೊಂದಿಗೆ ಒಂದಾಗಿ ಬರಬೇಕು. ಈ ಭಾನುವಾರ ಬಂತೆಂದರೆ ಪ್ರತಿ ವರ್ಷ ತಪ್ಪದೆ ಯಾಸ್ಪುರ್‌ಗೆ ಸೊಂಟ ಹಿಡಿಯುತ್ತಿತ್ತು, ನಿಕ್ಲಾಯ್‌ಗೆ ಬೆಟ್ಟದ ಮೇಲಿನ ಕುರಿ ನೆನಪಾಗುತ್ತಿತ್ತು. ಇಡೀ ಊರಿಗೆ ಗೊತ್ತು, ಯಾರೂ ಆಡುತ್ತಿರಲಿಲ್ಲ. ಊರೆಂದ ಮೇಲೆ ಇಷ್ಟು ದಾಕ್ಷಿಣ್ಯ ಇರುತ್ತದೆ.

ಹೋದ ವರ್ಷ ಆರನೆಯ ಭಾನುವಾರ ಸುನ್‌ವಾ ಜ್ವರ ಬಂದು ಮಲಗಿಬಿಟ್ಟಳು, ಓದು ನಡೆಯಲಿಲ್ಲ. ತಪ್ಪಿದ ಭಾನುವಾರ ತಪ್ಪಿದ ಹಾಗೆಯೇ, ಮುಂದಿನ ವಾರ ಏಳನೆಯದನ್ನು ಓದಬೇಕು. ಇವಳು ಕಥೆ ಪುಸ್ತಕದಂತೆ ಬಿಟ್ಟಲ್ಲಿಂದ ಮುಂದುವರಿಸಿದಳು. ಗಂಡಾಂತರ ದಾಟಿತೆಂದು ಅಣ್ಣತಮ್ಮಂದಿರಿಬ್ಬರೂ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಬಂದು ಕೂತಿದ್ದಾರೆ. ಇವಳು ರಾಜಿಯ ಪ್ರಸಂಗವನ್ನೇ ತೆಗೆದು, ಎಲ್ಸ್‌ಪಾ ಅಜ್ಜಿಗೂ ಕೇಳುವ ಹಾಗೆ ಓದತೊಡಗಿದಳು.

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವರು ಎಲ್ಲ ದೇಶದಲ್ಲೂ ಇದ್ದಾರೆ. ನಿಕ್ಲಾಯ್ ತಲೆ ತಗ್ಗಿಸಿದ. ಯಾಸ್ಪುರ್ ಎದ್ದು, ಕೋಲು ಕುಟ್ಟುತ್ತಾ, ನಡುವಿನ ದಾರಿಯಲ್ಲೇ ಹೊರನಡೆದ. ಪುಸ್ತಕ ಮುಚ್ಚಿದ ಮೇಲೆ ಮೌರಿಟ್ಸ್ ಅಜ್ಜ ಬಂದು, "ಕೂಸೇ, ಇದು ಹೋದ ವಾರದ್ದಲ್ವಾ?" ಎಂದಾಗ ಸುನ್‌ವಾ ಬೆರಳು ಮಡಿಸಿ ಭಾನುವಾರಗಳನ್ನು ಎಣಿಸಿ ನೋಡಿದಳು.

ಮರುದಿನ ಬೆಳಿಗ್ಗೆ ಯಾಸ್ಪುರ್ ಬಾಗಿಲು ತೆಗೆಯಲಿಲ್ಲ. ಅವನ ಎಡಗಾಲಿನಲ್ಲಿ ಮಾಯದ ಹುಣ್ಣಿತ್ತು, ದಿನಾ ತೊಳೆದು ಪಟ್ಟಿ ಕಟ್ಟುವವಳು ಇವಳೇ. "ಬಲೆ ಬೀಸಿ ಹಿಡಿದ್ಯಲ್ಲಾ ನನ್ನ! ಹೋಗು, ನಿನ್ನ ಕೈಯಲ್ಲಿ ಕಾಲು ಮುಟ್ಟಿಸ್ಕೊಳ್ಳೋದಕ್ಕಿಂತ ಕಾಲು ಕಳ್ಕೊಳ್ಳೋದೇ ವಾಸಿ" ಎಂದು ಒಳಗಿನಿಂದಲೇ ಗದರಿದ. ಹಡಗಿನಲ್ಲಿ ಬಂದ ನರ್ಸಿಗೂ ಅವನ ಬಾಗಿಲು ತೆರೆಯಲಿಲ್ಲ. ಹುಣ್ಣು ಕೆಟ್ಟರೆ ರಾಜಧಾನಿಯ ಆಸ್ಪತ್ರೆಗೆ ಸಾಗಿಸಬೇಕಾಗುತ್ತದೆ ಎಂದು ನರ್ಸ್ ಹೇಳಿ ಹೋದರು. ಆ ವಯಸ್ಸಿನವರು ಹಾಗೆ ಹೋದರೆ ಮರಳಿ ಬರುವುದು ಕಡಿಮೆ ಎಂಬುದು ಸುನ್‌ವಾಗೆ ಗೊತ್ತು. ಅವಳು ದಿನಾ ಬೆಳಿಗ್ಗೆ ಹೋಗಿ ನಿಂತಳು. ಹೊಸ್ತಿಲಲ್ಲಿಟ್ಟ ಸೂಪು ಹಾಗೇ ಇರುತ್ತಿತ್ತು. ಒಂದು ದಿನ ಅದನ್ನು ಕುರಿ ಚೆಲ್ಲಿತು.

ಮುಂದಿನ ಭಾನುವಾರ ಗಂಟೆ ಹೊಡೆದಾಯಿತು, ಮೊದಲ ಹಾಡೂ ಆಯಿತು. ಯಾಸ್ಪುರ್‌ನ ಜಾಗ ಖಾಲಿ. ಸುನ್‌ವಾ ಚೌಕಟ್ಟಿನಲ್ಲಿ ನಿಂತು ಪುಸ್ತಕ ತೆರೆದಳು, ಸರಿಯಾದ ಪುಟವನ್ನೇ. ಮೊದಲ ಸಾಲಿನ ಮೇಲೆ ಬೆರಳಿಟ್ಟಳು, ಕಣ್ಣು ಮಾತ್ರ ಆ ಖಾಲಿ ಜಾಗಕ್ಕೇ ಹೋಯಿತು.

"ಹೋದ ವಾರ ನಾನೇ ಓದಿದ್ದೀನಿ, ಬಿಟ್ಟು ಹೋಗು, ಮೊದಲು ಒಂದಾಗು ಅಂತ" ಎಂದು ಅವಳು ಆ ಗಳಿಗೆಯನ್ನು ನೆನೆಯುತ್ತಾಳೆ. "ಅವರಿಬ್ಬರಿಗೆ ಓದಿದ್ದು ಅಂತ ಊರೆಲ್ಲ ಅಂದ್ಕೊಂಡಿದೆ. ನೋಡಿದ್ರೆ ಅದು ನಂಗೇ ಬಂದು ಕೂತಿದೆ. ಒಬ್ಬ ಮನುಷ್ಯ ನನ್ನಿಂದ ನೊಂದು ಮನೇಲಿ ಕೂತಿರುವಾಗ ನಾನು ಯಾವ ಮುಖ ಇಟ್ಕೊಂಡು ಓದ್ಲಿ?"

ಅಂದು ಅವಳು ಪುಸ್ತಕದಲ್ಲಿ ಇಲ್ಲದ ಮಾತನ್ನು ಮೊದಲ ಸಲ ಆಡಿದಳು. "ನಾನು ಒಂದ್ ಕಡೆ ಹೋಗಿ ಬರ್ಬೇಕು. ಕ್ಷಮಿಸಿ." ಪುಸ್ತಕವನ್ನು ವೇದಿಯ ಮೆಟ್ಟಿಲ ಮೇಲಿಟ್ಟು ಹೊರಗೆ ಓಡಿದಳು. ಸಭೆ ಕಕ್ಕಾಬಿಕ್ಕಿ. ಪುಣ್ಯಕ್ಕೆ ಮೌರಿಟ್ಸ್ ಅಜ್ಜ ಎದ್ದು, ಇರುವ ಹಾಡುಗಳಲ್ಲೆಲ್ಲ ಉದ್ದದ್ದನ್ನು ಒಡೆದ ಗಂಟಲಲ್ಲೇ ಎತ್ತಿಕೊಂಡು, "ಎಲ್ಲಾ ಚರಣಾನೂ ಹಾಡಿ. ಅವಳು ಬರೋವರೆಗೆ" ಎಂದ.

ಯಾಸ್ಪುರ್‌ನ ಮನೆ ಚರ್ಚಿನ ಕೆಳಗೇ ಇದೆ. ಸುನ್‌ವಾ ಬಾಗಿಲು ಬಡಿದಳು.

"ಓದೋದ್ ಬಿಟ್ಟು ಇಲ್ಯಾಕ್ ಬಂದೆ?" ಒಳಗಿನಿಂದ ದನಿ.

"ಅಜ್ಜಾ, ತಪ್ಪು ನಂದು. ಎಣಿಕೆ ತಪ್ಪಿದೆ. ಜ್ವರ ಬಂದಿದ್ ವಾರಾನ ಬಿಡ್ಬೇಕಿತ್ತು, ಬಿಡ್ಲಿಲ್ಲ."

"ಸುಳ್ಳು. ಬೇಕೂಂತ್ಲೇ ಮಾಡಿದ್ದು. ಕುತಂತ್ರ."

"ಕುತಂತ್ರ ಮಾಡೋ ಅಷ್ಟು ಬುದ್ಧಿ ಇದ್ದಿದ್ರೆ ಏಳರವರೆಗೆ ಎಣ್ಸೋಕೆ ಬರ್ತಿರ್ಲಿಲ್ವಾ ಅಜ್ಜಾ?"

ಒಳಗೆ ಕೆಮ್ಮೋ ನಗುವೋ ಒಂದು ಕೇಳಿಸಿ, ಅಗುಳಿ ಸರಿಯಿತು. ಕಾಲಿಗೆ ಸ್ವೆಟರಿನ ತೋಳನ್ನು ಕತ್ತರಿಸಿ ಸುತ್ತಿಕೊಂಡಿದ್ದ. ಉಣ್ಣೆ ಹುಣ್ಣಿಗೆ ಅಂಟಿಕೊಂಡಿತ್ತು. ಸುನ್‌ವಾ ಭಾನುವಾರದ ಲಂಗದಲ್ಲೇ ನೆಲಕ್ಕೆ ಕೂತು, ಎಳೆ ಎಳೆಯಾಗಿ ನೆನೆಸಿ ಬಿಡಿಸತೊಡಗಿದಳು. ಬೋಗುಣಿಯ ನೀರು ಕೆಂಪಾಯಿತು. ಮೇಲಿನಿಂದ ಹಾಡು ಕೇಳುತ್ತಿತ್ತು, ಅರ್ಧ ಜನ ಶ್ರುತಿ ತಪ್ಪಿದ್ದರು.

ಆಗ ಬಾಗಿಲಲ್ಲಿ ನೆರಳು ಬಿತ್ತು. ನಿಕ್ಲಾಯ್. ಯಾರೂ ಕಳಿಸಿರಲಿಲ್ಲ, ಎದ್ದು ಬಂದಿದ್ದ. ಟೋಪಿಯನ್ನು ಕೈಯಲ್ಲಿ ಹಿಂಡುತ್ತಾ, ಅಣ್ಣನ ಕಾಲು ನೋಡಿದ, ಮುಖ ನೋಡಲಿಲ್ಲ.

"ಬಿಸಿ ನೀರು ಬೇಕೇನಮ್ಮಾ?" ಎಂದು ಸುನ್‌ವಾಳನ್ನು ಕೇಳಿದ.

ಯಾಸ್ಪುರ್ ಗೋಡೆಯ ಕಡೆ ತಿರುಗಿ, "ಬೇಕಂತೆ ಅಂತ ಹೇಳು ಅವನಿಗೆ" ಎಂದ.

ಇಪ್ಪತ್ತು ವರ್ಷದ ಮೇಲೆ ಅಣ್ಣತಮ್ಮಂದಿರ ನಡುವೆ ಓಡಾಡಿದ ಮಾತು ಇಷ್ಟೇ. ನಿಕ್ಲಾಯ್ ಒಲೆಯ ಮೇಲೆ ನೀರಿಟ್ಟ. ಪಾತ್ರೆ ಎಲ್ಲಿದೆ ಎಂದು ಕೇಳಲಿಲ್ಲ, ಅದು ಅವನು ಹುಟ್ಟಿದ ಮನೆ. ಸುನ್‌ವಾ ಮರಳಿ ಹೋದಾಗ ಸಭೆ ಅದೇ ಹಾಡನ್ನು ಎರಡನೆಯ ಸಲ ಮೊದಲಿನಿಂದ ಹಾಡುತ್ತಿತ್ತು. ಮೊಣಕಾಲ ಹತ್ತಿರ ಲಂಗ ಒದ್ದೆಯಾಗಿತ್ತು. ಓದಿದಳು. ಹೊರಡುವಾಗ ಎಲ್ಸ್‌ಪಾ ಅಜ್ಜಿ ಅವಳ ಕೆನ್ನೆ ಹಿಂಡಿ, "ಇವತ್ತಿನದು ಚೆನ್ನಾಗ್ ಕೇಳಿಸ್ತು ಕಣೇ" ಎಂದಳು.

ಅಷ್ಟಕ್ಕೇ ಎಲ್ಲ ಸರಿಹೋಯಿತೆಂದು ತಿಳಿಯಬೇಡಿ. ಎಂಬತ್ತರ ಗಂಡಸರು ಅಷ್ಟು ಸುಲಭಕ್ಕೆ ಬಗ್ಗುವ ಜಾತಿಯಲ್ಲ. ಈಗ ನಿಕ್ಲಾಯ್ ದಿನಾ ಬೆಳಿಗ್ಗೆ ಬಂದು ನೀರು ಕಾಯಿಸುತ್ತಾನೆ. ಇಬ್ಬರೂ ನೇರವಾಗಿಯೇ ಮಾತಾಡುತ್ತಾರೆ, ಆದರೆ ಕುರಿಯ ವಿಷಯ ಮಾತ್ರ. ದೋಣಿಯ ಮಾತು ಎತ್ತಿಲ್ಲ, ಕ್ಷಮಿಸು ಎಂದೂ ಯಾರೂ ಹೇಳಿಲ್ಲ. ಚರ್ಚಿನಲ್ಲಿ ಇಂದಿಗೂ ಒಬ್ಬ ಎಡಕ್ಕೆ, ಒಬ್ಬ ಬಲಕ್ಕೆ.

ಯುವಸಭೆಯವರು ಸುನ್‌ವಾಳನ್ನು, ದೇವರು ತನ್ನ ಬಾಳಿನಲ್ಲಿ ಮಾಡಿದ್ದಕ್ಕೆ ಸಾಕ್ಷಿ ಹೇಳಲು ಕರೆದರು. ಹೋಗಿ, ತನಗೆ ಏಳರವರೆಗೆ ಎಣಿಸಲು ಬರುವುದಿಲ್ಲ ಎಂದು ಹೇಳಿ ಕೂತಳಂತೆ. ಒಲೆ ಸಣ್ಣದು ಎಂಬ ಸಂಕಟ ಈಗಿಲ್ಲ. ಏನು ಆಸೆ ಎಂದು ಕೇಳಿದರೆ ಅಣ್ಣತಮ್ಮಂದಿರ ಮಾತೇ ಬರುತ್ತದೆ. "ಇಬ್ರೂ ಒಂದೇ ಬೆಂಚಲ್ಲಿ ಕೂರ್ಲಿ ಅಂದ್ರೆ ದುರಾಸೆ ಆಗತ್ತೆ. ಆರನೇ ಭಾನುವಾರದ ದಿನ ತಪ್ಪಿಸ್ಕೊಳ್ದೆ ಬಂದ್ರೆ ಸಾಕು. ಗೊತ್ತಿದ್ದೂ ಬರ್ಬೇಕು. ನನ್ನ ತಪ್ಪಿನಿಂದಲ್ಲ."

ಈ ವರ್ಷದ ಆರನೆಯ ಭಾನುವಾರದ ಹಿಂದಿನ ದಿನ, ಶನಿವಾರ ಬೆಳಿಗ್ಗೆ, ಅವಳು ಎಂದಿನಂತೆ ಯಾಸ್ಪುರ್‌ನ ಕಾಲು ತೊಳೆಯುತ್ತಿದ್ದಾಳೆ. ನಿಕ್ಲಾಯ್ ಒಲೆಯ ಹತ್ತಿರ ನಿಂತು, ಬೆಟ್ಟದ ಮೇಲೆ ಒಂದು ಟಗರು ಕುಂಟುತ್ತಿದೆ, ನಾಳೆ ಹೋಗಿ ನೋಡಬೇಕೇನೋ ಎಂದು ಗೊಣಗುತ್ತಾನೆ. ಸುನ್‌ವಾ ತಲೆ ಎತ್ತುವುದಿಲ್ಲ. ಅವಳ ಕೈ ಮಾತ್ರ ಒಂದು ಕ್ಷಣ ನಿಲ್ಲುತ್ತದೆ.

"ನಾಳೆ ಎಷ್ಟನೇದು?" ಯಾಸ್ಪುರ್ ಕೇಳುತ್ತಾನೆ.

"ಆರನೇದು ಅಜ್ಜಾ. ಈ ಸಲ ಸರಿಯಾಗ್ ಎಣ್ಸಿದೀನಿ."

ಯಾಸ್ಪುರ್ ತಮ್ಮನ ಕಡೆಗೇ ತಿರುಗುತ್ತಾನೆ.

"ಟಗರು ಸೋಮವಾರದವರೆಗೆ ಕುಂಟಿದ್ರೆ ಸಾಯಲ್ಲ ಕಣೋ. ನಾಳೆ ಬೇಗ ಬಾ. ಚರ್ಚಿನ ಮೆಟ್ಟಿಲು ಹತ್ತೋಕೆ ನಂಗೆ ಒಂದು ಹೆಗಲು ಬೇಕು."