ಸಿಪಾಯಿ ಟಿಟ್ಟಿಭನ ಭಾನುವಾರಗಳು

ಓವಿದಿಯೊ ಜಾನುತ್ತಿಗೆ ಟಿಟ್ಟಿಭ ಎಂದು ಆ ಉದ್ದಕಾಲಿನ ಹಕ್ಕಿಯ ಹೆಸರಿಟ್ಟವರು ಯಾರೋ ಗೊತ್ತಿಲ್ಲ. ಅವನ ಕಾಲು ನೋಡಿದ ಯಾರು ಬೇಕಾದರೂ ಇಟ್ಟಿರಬಹುದು. ಮೊಣಕಾಲಿನ ತನಕ ಎಲ್ಲರ ಹಾಗೆ ಇದ್ದ. ಅಲ್ಲಿಂದ ಕೆಳಗೆ ದೇವರು ಲೆಕ್ಕ ತಪ್ಪಿ ಒಂದು ಗೇಣು ಜಾಸ್ತಿ ಕೊಟ್ಟಿದ್ದ. ಪರಾನಾ ಊರಿನ ರೈಲ್ವೆ ಬಡಾವಣೆಯಲ್ಲಿ ನಮ್ಮಪ್ಪನ ಬೇಕರಿಗೂ ಅವರ ಮನೆಗೂ ಮಧ್ಯೆ ಒಂದೇ ಗೋಡೆ. ಇಬ್ಬರೂ ಹುಟ್ಟಿದ್ದು ನಲವತ್ತನಾಲ್ಕರಲ್ಲಿ. ಹಾಗಾಗಿ ಇಬ್ಬರಿಗೂ ಸೈನ್ಯದ ಸರದಿ ಒಟ್ಟಿಗೇ ಬಂತು.

ಆಗೆಲ್ಲ ಹುಡುಗರ ಹಣೆಬರಹ ರೇಡಿಯೋದಲ್ಲಿ ಬರುತ್ತಿತ್ತು. ಗುರುತಿನ ಪುಸ್ತಕದ ಕೊನೆಯ ಮೂರು ಅಂಕಿಗೆ ಲಾಟರಿಯಲ್ಲಿ ಒಂದು ಸಂಖ್ಯೆ ಎತ್ತುತ್ತಿದ್ದರು. ಸಣ್ಣ ಸಂಖ್ಯೆ ಬಂದವನು ಮನೆಯಲ್ಲೇ ಇರಬಹುದು. ಮಧ್ಯದ್ದು ಬಂದರೆ ಸೈನ್ಯ, ಒಂದು ವರ್ಷ. ತೀರಾ ದೊಡ್ಡದು ಬಂದವನ ಪಾಡು ನಾಯಿಪಾಡು: ನೌಕಾಪಡೆ, ಎರಡು ವರ್ಷ.

ಲಾಟರಿಗೆ ಆರು ದಿನ ಮುಂಚೆ ಓವಿದಿಯೊ ನದಿಯಾಚೆಯ ಸಾಂತಾ ಫೆ ಊರಿನಲ್ಲಿ ಲಾಗೂನಾ ಕ್ಲಬ್ಬಿನ ಕರಾರಿಗೆ ಸಹಿ ಹಾಕಿ ಬಂದಿದ್ದ. ಎಡ ಅಂಚಿನಿಂದ ಮುನ್ನುಗ್ಗುವ ಲೆಫ್ಟ್ ವಿಂಗ್ ಆಟಗಾರ, ಸಂಬಳಕ್ಕೆ. ನಮ್ಮ ಬೀದಿಯಿಂದ ಫುಟ್‌ಬಾಲ್ ಆಡಿ ಸಂಬಳ ಪಡೆದವರು ಅಲ್ಲಿಯವರೆಗೆ ಒಬ್ಬರೂ ಇರಲಿಲ್ಲ.

ರೇಡಿಯೋ ಕೇಳಲು ಎಲ್ಲರೂ ಅವರ ಅಡುಗೆಮನೆಯಲ್ಲಿ ಸೇರಿದ್ದೆವು. ಅವನ ತಾಯಿ ದೊನ್ಯಾ ಪಿಯೆರಿನಾ ಮೇಜಿನ ಮೇಲೆ ರವಿಯೋಲಿ ಕಡುಬಿನ ಹಿಟ್ಟು ಲಟ್ಟಿಸುತ್ತಾ, ಕತ್ತರಿಸುತ್ತಾ, ನಡುನಡುವೆ ಶಿಲುಬೆ ಗುರುತು ಮಾಡಿಕೊಳ್ಳುತ್ತಾ ಇದ್ದರು. ಹಣೆಯ ಮೇಲೆಲ್ಲ ಹಿಟ್ಟು. ನನ್ನ ಸಂಖ್ಯೆ ಮೊದಲು ಬಂತು, ಸೈನ್ಯ. ಆಮೇಲೆ ಅವನದು: ನಾನೂರ ಐವತ್ತೆಂಟು.

"ನಾನೂರು ಅಂದ್ರೆ ಏನೋ?" ಎಂದರು ದೊನ್ಯಾ ಪಿಯೆರಿನಾ.

"ಸೈನ್ಯ ಅಮ್ಮಾ."

"ಹಡಗಲ್ಲ ತಾನೇ?"

"ಅಲ್ಲ."

"ಹಂಗಾದ್ರೆ ಕೈ ತೊಳ್ಕೊಂಡು ಬಾ, ಊಟ ಮಾಡು."

ಓವಿದಿಯೊ ಎರಡು ತುತ್ತು ತಿಂದು ಎದ್ದ. ಮರುದಿನವೇ ದೋಣಿ ಹತ್ತಿ ಹೋಗಿ ಲಾಗೂನಾದ ತರಬೇತುದಾರ ದೋನ್ ಅನ್ಸೆಲ್ಮೊಗೆ ಸುದ್ದಿ ಹೇಳಿದ. ಅವರು ಸಿಗರೇಟು ಪೂರ್ತಿ ಸೇದಿ ಮುಗಿಸಿ ಹೇಳಿದರಂತೆ:

"ಶನಿವಾರ ಬಾ, ಭಾನುವಾರ ಆಡು. ವಾರದ ಅಭ್ಯಾಸ ನೀನೇ ಎಲ್ಲಾದ್ರೂ ಮಾಡ್ಕೋ. ಆದ್ರೆ ಸಾಲಾಗಿ ಎರಡು ಭಾನುವಾರ ತಪ್ಪಿದ್ರೆ ನಿನ್ನ ಅಂಗಿ ಇನ್ನೊಬ್ಬನ ಮೈಮೇಲೆ ಇರುತ್ತೆ. ಆಮೇಲೆ ನನ್ನನ್ನ ಬೈಬೇಡ."

ಮುಂದಿನ ವರ್ಷದ ಬೇಸಿಗೆ ಮುಗಿಯುವ ಮುಂಚೆ ಇಬ್ಬರ ತಲೆಯೂ ಬೋಳಾಗಿತ್ತು. ಸಿಪಾಯಿಗಳನ್ನು ಇರಿಸುವ ಪಡೆಮನೆ ನಮ್ಮ ಊರಿನದೇ ಸಿಕ್ಕಿದ್ದು ಅದೃಷ್ಟ. ಆದರೆ ಸಾರ್ಜೆಂಟ್ ಕಾಯೆತಾನೊ ಬುರ್ಗೋಸ್ ಕೈಗೆ ಸಿಕ್ಕಿದೆವು. ಕುಳ್ಳಗೆ, ಕಟ್ಟುಮಸ್ತಾಗಿ, ಎರಡೂ ಕೈ ಹಿಂದೆ ಕಟ್ಟಿ ನಡೆಯುವ ಮನುಷ್ಯ. ಮೊದಲ ದಿನ ಸಾಲಿನಲ್ಲಿ ನಿಲ್ಲಿಸಿ ಒಬ್ಬೊಬ್ಬರ ಕಸುಬು ಕೇಳುತ್ತಾ ಬಂದರು. ನಾನು ಬೇಕರಿ ಎಂದೆ. ಅಡುಗೆಮನೆಗೆ ಹಾಕಿದರು.

"ನಿಂದೇನೋ ಕಸುಬು, ಉದ್ದಕಾಲಿನವನೇ?"

"ಫುಟ್‌ಬಾಲು ಸಾರ್."

"ನಾನ್ ಕೇಳಿದ್ದು ಕಸುಬು. ಆಟ ಕೇಳ್ಲಿಲ್ಲ."

"ಅದೇ ಕಸುಬು ಸಾರ್. ಕರಾರಾಗಿದೆ."

"ಓಹೋ! ಯಾವ ಕ್ಲಬ್ಬು?"

"ಲಾಗೂನಾ ಸಾರ್."

ಸಾರ್ಜೆಂಟರ ಮೀಸೆ ಒಂದು ಪಕ್ಕಕ್ಕೆ ವಾಲಿತು. ಹಿಂದಿನ ಸಾಲಿನಲ್ಲಿ ಯಾರೋ "ಸತ್ತ" ಎಂದು ಪಿಸುಗುಟ್ಟಿದರು. ಬುರ್ಗೋಸ್ ಹುಟ್ಟಿ ಬೆಳೆದದ್ದು ಸಾಂತಾ ಫೆಯಲ್ಲಿ, ಸಾನ್ ಹೆರೊನಿಮೊ ಕ್ಲಬ್ಬಿನ ಮೈದಾನದ ಎದುರುಮನೆಯಲ್ಲಿ. ಸಾನ್ ಹೆರೊನಿಮೊದವರಿಗೂ ಲಾಗೂನಾದವರಿಗೂ ಒಂದೇ ಅಂಗಡಿಯಲ್ಲಿ ಬ್ರೆಡ್ಡು ಕೊಳ್ಳಲೂ ಆಗುವುದಿಲ್ಲ.

"ಕುದುರೆ ಲಾಯ," ಎಂದರು ಸಾರ್ಜೆಂಟ್. "ಅಲ್ಲಿ ಒದೆಯೋದು ಅಂದ್ರೆ ಏನು ಅಂತ ಚೆನ್ನಾಗಿ ಕಲೀತೀಯ."

ಶನಿವಾರ ಮಧ್ಯಾಹ್ನದಿಂದ ಭಾನುವಾರ ರಾತ್ರಿ ಎಂಟರವರೆಗೆ ರಜೆ ಸಿಗಬೇಕಾದರೆ ಹಾಸಿಗೆ, ಬೂಟು, ಗುಂಡಿ, ಹಂಚಿಕೊಟ್ಟ ಕೆಲಸ ಯಾವುದರಲ್ಲೂ ತಪ್ಪು ಇರಬಾರದು. ಅಂಥ ವ್ಯವಸ್ಥೆಯಲ್ಲಿ ನಮ್ಮ ಟಿಟ್ಟಿಭ ಪಡೆಮನೆಯಲ್ಲೇ ಅತ್ಯಂತ ಶುಚಿಯಾದ ಸಿಪಾಯಿಯಾದ. ಮನೆಯಲ್ಲಿ ಕಾಲುಚೀಲ ಬಿಚ್ಚಿ ಎಸೆದರೆ ಹೆಕ್ಕುವ ಅಭ್ಯಾಸವಿಲ್ಲದವನು ಇಲ್ಲಿ ಕುದುರೆಗಳ ಗೊರಸಿಗೂ ಎಣ್ಣೆ ಹಚ್ಚಿದ. ಬಾವಿಯಿಂದ ಲಾಯಕ್ಕೆ ನೂರೈವತ್ತು ಹೆಜ್ಜೆ. ಎರಡು ಕೈಯಲ್ಲಿ ಬಕೆಟ್ಟು ಹಿಡಿದು, ಬೂಟುಕಾಲಲ್ಲಿ, ನೀರು ಚೆಲ್ಲದ ಹಾಗೆ ಓಡುತ್ತಿದ್ದ. ಅದೇ ಅವನ ವಾರದ ಅಭ್ಯಾಸ. ಕುದುರೆಗಳು ಕುಡಿದು ಕುಡಿದು ಬೇಸತ್ತವು. ನಾನು ಅಡುಗೆಮನೆಯಿಂದ ದಿನಾ ಒಂದು ಮೂಳೆ ತುಂಡು ಅವನ ಸಾರಿಗೆ ಜಾಸ್ತಿ ಹಾಕುತ್ತಿದ್ದೆ. ಅದಕ್ಕಿಂತ ಹೆಚ್ಚು ಸಹಾಯ ನನ್ನ ಕೈಲಿ ಆಗುವಂಥದ್ದಲ್ಲ.

ಶನಿವಾರ ಗೇಟು ದಾಟಿದವನು ಬಂದರಿನವರೆಗೆ ಓಡಿ ದೊಡ್ಡ ದೋಣಿ ಹಿಡಿಯುತ್ತಿದ್ದ. ಕಿತ್ತಳೆ ಮೂಟೆಗಳ ಮೇಲೆ ಅಂಗಾತ ಮಲಗಿ, ಆಚೆ ದಡ ಬರುವವರೆಗೆ ನಿದ್ದೆ. ಭಾನುವಾರ ಆಟ. ಆಟ ಮುಗಿದು ಸ್ನಾನಕ್ಕೂ ನಿಲ್ಲದೆ ಕೊನೆಯ ದೋಣಿ. ಸೋಮವಾರ ಬೆಳಿಗ್ಗೆ ಮತ್ತೆ ಗೊರಸು. ಚಳಿಗಾಲ ಶುರುವಾಗುವಷ್ಟರಲ್ಲಿ ಒಂಬತ್ತು ಪಂದ್ಯ ಆಡಿದ್ದ. ಗೋಲು ಒಂದೂ ಇಲ್ಲ. ಪ್ರೇಕ್ಷಕರು "ಓಡೋ ಬೋಳಾ!" ಎಂದು ಕೂಗುತ್ತಿದ್ದರು. ಓಡುವುದಂತೂ ಓಡುತ್ತಿದ್ದ.

ನಡು ಚಳಿಗಾಲ, ಜುಲೈನಲ್ಲಿ ಸಾನ್ ಹೆರೊನಿಮೊ ಜೊತೆ ಪಂದ್ಯ ಬಂತು. ಆ ಶನಿವಾರ ಸಾರ್ಜೆಂಟ್ ಬುರ್ಗೋಸ್ ಓವಿದಿಯೊನ ಹಾಸಿಗೆಯನ್ನು ಕಾಲು ಗಂಟೆ ತಪಾಸಣೆ ಮಾಡಿದರು. ಕೆಳಗೆ ಬಗ್ಗಿ ನೋಡಿದರು, ದಿಂಬು ಮೂಸಿದರು. ಬೂಟಿನ ಅಟ್ಟೆ ತಿರುಗಿಸಿ ನೋಡಿದರು. ಅದಕ್ಕೂ ಪಾಲಿಶ್ ಆಗಿತ್ತು. ಮನಸ್ಸು ಮಾಡಿದ್ದರೆ ಸುಳ್ಳೊಂದು ತಪ್ಪು ಹುಡುಕಬಹುದಿತ್ತು. ಹುಡುಕಲಿಲ್ಲ. ರಜೆಚೀಟಿಗೆ ಸಹಿ ಹಾಕಿ ಕೈಗಿಡುವಾಗ, "ಹೋಗು. ನಾಳೆ ಜಾರಿ ಬೀಳು. ಗಾಯ ಬೇಡ, ಸುಮ್ನೆ ಜಾರಿ ಬೀಳು," ಎಂದರು.

ನನಗೂ ರಜೆ ಸಿಕ್ಕಿತ್ತು, ಜೊತೆಗೆ ಹೋದೆ. ಆಟ ಮುಗಿಯಲು ಏಳು ನಿಮಿಷ ಇದ್ದಾಗ ಸಾನ್ ಹೆರೊನಿಮೊದ ಗೋಲ್‌ಕೀಪರ್ ತಳ್ಳಿದ ಚೆಂಡು ಓವಿದಿಯೊನ ಎಡಗಾಲಿಗೆ ಬಂದು ಬಿತ್ತು. ಒದ್ದ. ಬಲೆ ಅಲುಗಾಡಿದ್ದು ನೋಡಿ ಅವನೇ ಎಲ್ಲರಿಗಿಂತ ಹೆಚ್ಚು ಬೆರಗಾದ. ಎದುರಾಳಿಗಳೆಲ್ಲ ಕೈಯೆತ್ತಿ ಆಫ್‌ಸೈಡ್ ಎಂದು ಅರಚಿದರು, ರೆಫ್ರಿ ಕಿವಿಗೊಡಲಿಲ್ಲ. ಒಂದು ಸೊನ್ನೆಗೆ ಗೆದ್ದೆವು. ನಾನು ಯಾರೋ ಗೊತ್ತಿಲ್ಲದ ಮುದುಕನನ್ನು ತಬ್ಬಿಕೊಂಡು ಕುಣಿಯುವಾಗ ಆಚೆ ಗ್ಯಾಲರಿಯಲ್ಲಿ ಒಬ್ಬ ಕುಳ್ಳ ಮನುಷ್ಯ ಟೋಪಿ ನೆಲಕ್ಕೆ ಬಡಿದು ಅದರ ಮೇಲೆ ನಿಂತಿದ್ದು ಕಾಣಿಸಿತು. ಅಷ್ಟು ದೂರಕ್ಕೆ ಮುಖ ಗುರುತು ಹತ್ತಲಿಲ್ಲ.

ಬಂದರಿಗೆ ಬಂದು ನೋಡಿದರೆ ನದಿಯೇ ಇಲ್ಲ. ಮಂಜು. ದೋಣಿ ಬಿಡುವುದಿಲ್ಲ ಎಂದು ಹಲಗೆ ತೂಗುಹಾಕಿದ್ದರು. ಆ ಹಲಗೆಯ ಕೆಳಗೆ, ಮಣ್ಣಾದ ಟೋಪಿ ಹಾಕಿಕೊಂಡು, ಸಾದಾ ಬಟ್ಟೆಯಲ್ಲಿ ಸಾರ್ಜೆಂಟ್ ಬುರ್ಗೋಸ್ ನಿಂತಿದ್ದರು. ಅವರೂ ಎಂಟಕ್ಕೆ ಕೆಲಸಕ್ಕೆ ಹಾಜರಾಗಬೇಕಿತ್ತು.

ಮೂವರೂ ಒಬ್ಬರ ಮುಖ ಒಬ್ಬರು ನೋಡಿದೆವು. ಸೆಲ್ಯೂಟ್ ಹೊಡೆಯಬೇಕೋ ಬೇಡವೋ ತಿಳಿಯದೆ ನಾನು ಅರ್ಧ ಕೈ ಎತ್ತಿದೆ.

"ಇಳಿಸೋ ಕೈನಾ," ಎಂದರು. "ಅದು ಆಫ್‌ಸೈಡು."

ಆಗ ಮೀನು ಮಾರುವ ದೊನ್ಯಾ ಹಸಿಂತಾ ಖಾಲಿ ಬುಟ್ಟಿಗಳನ್ನು ತನ್ನ ನಾಡದೋಣಿಗೆ ತುಂಬುತ್ತಿದ್ದಳು. ಅರವತ್ತರ ಹೆಂಗಸು, ನಮ್ಮ ದಡದವಳೇ. ಮಂಜಾಗಲಿ ಮಳೆಯಾಗಲಿ ಮನೆಗೆ ಹೋಗಿ ಕೋಳಿ ಮುಚ್ಚಬೇಕು ಎನ್ನುತ್ತಿದ್ದಳು. ನಾವು ಕೈಮುಗಿದೆವು.

"ಹುಡುಗರು ಹತ್ಲಿ. ಗೋಲು ಹೊಡೆದವನು ಮೊದಲು ಹತ್ಲಿ," ಎಂದಳು. "ಈ ಮೀಸೆಯವರು ಯಾರು?"

"ನಮ್ಮ ಸಾರ್ಜೆಂಟ್ರು."

"ಸಾನ್ ಹೆರೊನಿಮೊ ಬಿಲ್ಲೆ ಹಾಕ್ಕೊಂಡಿದಾರಲ್ಲ! ಇವರ ಬಾಡಿಗೆ ಬೇರೆ. ಅದು ಗೋಲು ಅಂತ ಬಾಯ್ಬಿಟ್ಟು ಹೇಳ್ಬೇಕು."

"ಹೇಳಲ್ಲ," ಎಂದು ಸಾರ್ಜೆಂಟ್ ತಮ್ಮ ಪಾಡಿಗೆ ದೋಣಿ ಹತ್ತಿ ಹುಟ್ಟು ಕೈಗೆತ್ತಿಕೊಂಡರು. "ಬೇಕಾದ್ರೆ ಹುಟ್ಟು ಹಾಕ್ತೀನಿ."

ಸಣ್ಣ ಎಂಜಿನ್ನು ಸ್ವಲ್ಪ ದೂರ ಎಳೆಯಿತು. ನಡುನೀರಿಗೆ ಬಂದಾಗ ಹಸಿಂತಾ ಅದನ್ನು ಆರಿಸಿದಳು. ನಮ್ಮ ದಡದ ನಾಯಿಗಳು ಬೊಗಳುವುದನ್ನು ಕೇಳಿ ದಾರಿ ಹಿಡಿಯಬೇಕಿತ್ತು. ಸುತ್ತ ಎಲ್ಲವೂ ಹಾಲಿನ ಹಾಗೆ. ಎದುರಿಗೆ ಕೂತವನ ಮೂಗು ಬಿಟ್ಟರೆ ಏನೂ ಕಾಣಿಸದು. ಓವಿದಿಯೊ ಒಂದು ಕಡೆ, ಸಾರ್ಜೆಂಟ್ ಒಂದು ಕಡೆ ಹುಟ್ಟು ಹಾಕುತ್ತಿದ್ದರು.

"ಚೆಂಡು ಬಂದಾಗ ನೀನು ಎಲ್ಲಿದ್ದೆ? ನಿಜ ಹೇಳು."

"ನನಗ್ಗೊತ್ತಿಲ್ಲ ಸಾರ್. ನಾನು ಚೆಂಡು ನೋಡ್ತಿದ್ದೆ."

"ಎರಡು ಗಜ ಮುಂದಿದ್ದೆ!"

"ಬಾಯ್ ಮುಚ್ಚಿ ಇಬ್ರೂ!" ಎಂದಳು ಹಸಿಂತಾ. "ನಿಮ್ಮ ಬೊಗಳಾಟದಲ್ಲಿ ನಾಯಿ ಬೊಗಳೋದು ಕೇಳ್ತಿಲ್ಲ."

ನಾನು ನಕ್ಕೆ. ಹೆದರಿಕೆಗೆ ನಕ್ಕೆನೋ, ಮಾತಿಗೆ ನಕ್ಕೆನೋ. ಸ್ವಲ್ಪ ಹೊತ್ತಿಗೆ ಓವಿದಿಯೊನೂ ನಕ್ಕ. ಸಾರ್ಜೆಂಟರ ಮೀಸೆ ಅಲುಗಿದ ಹಾಗೆ ನನಗೆ ಕಾಣಿಸಿತು. ಮಂಜಿನಲ್ಲಿ ಖಾತ್ರಿಯಾಗಿ ಹೇಳಲಾರೆ.

ಪಡೆಮನೆ ಗೇಟಿಗೆ ಬಂದಾಗ ಒಂದು ಗಂಟೆ ತಡವಾಗಿತ್ತು. ಕಾವಲಿನಲ್ಲಿದ್ದ ಲೆಫ್ಟಿನೆಂಟ್ ಸಾರ್ಜೆಂಟರನ್ನು ನೋಡಿ, "ಓ, ತಪ್ಪಿಸಿಕೊಂಡವರನ್ನ ಹಿಡ್ಕೊಂಡು ಬಂದ್ರಾ?" ಎಂದರು. ಬುರ್ಗೋಸ್ ಹೂಂ ಎಂದಿದ್ದರೆ ಅವರ ತಲೆ ಉಳಿಯುತ್ತಿತ್ತು. ನಾವಿಬ್ಬರೂ ಬಾಯಿ ಬಿಡುವ ಹಾಗಿರಲಿಲ್ಲ.

"ಇಲ್ಲ ಸಾರ್," ಎಂದರು. "ಮೂವರೂ ಆಟ ನೋಡೋಕೆ ಹೋಗಿದ್ವಿ. ಇವನು ಆಡೋಕೆ. ಮೂವರೂ ತಡ."

ನಮಗೆ ಹತ್ತು ದಿನ ಬಂಧನ. ಸಾರ್ಜೆಂಟರಿಗೂ ಹತ್ತು ದಿನ ಗೇಟು ದಾಟುವ ಹಾಗಿಲ್ಲ. ಹತ್ತು ದಿನದಲ್ಲಿ ಒಂದು ಭಾನುವಾರ ಹೋಯಿತು. ಅದರ ಮುಂದಿನದು ಇಡೀ ಪಡೆಯ ಗುಂಡು ಹಾರಿಸುವ ಕವಾಯತಿನಲ್ಲಿ ಹೋಯಿತು. ಸಾಲಾಗಿ ಎರಡು. ಓವಿದಿಯೊ ಆಲೂಗಡ್ಡೆ ಸುಲಿಯುತ್ತಾ ನನ್ನೆದುರು ಕೂತು, "ಮುಗೀತು ರುಫಿನೊ. ನಿಮ್ಮ ಬೇಕರಿಲಿ ಕೆಲಸ ಇದ್ಯಾ?" ಎಂದು ಕೇಳಿದ. ತಮಾಷೆಗೆ ಕೇಳಿದ್ದಲ್ಲ. ಸುಲಿದ ಆಲೂಗಡ್ಡೆ ಗೋಲಿಯಷ್ಟಾಗಿತ್ತು.

ಬಂಧನದ ಎರಡನೆಯ ಸಂಜೆ ಸಾರ್ಜೆಂಟ್ ಒಂದು ಹಳೆಯ ಚೆಂಡು ಹಿಡಿದು ಬಂದರು. ಹೊರಗೆ ಹೋಗುವ ಹಾಗಿಲ್ಲದೆ ಅವರಿಗೆ ತಲೆ ಕೆಟ್ಟಿತ್ತು. "ಏಳೋ. ಲಾಯದ ಹಿಂದಕ್ಕೆ ಬಾ," ಎಂದರು. ಅಂಗಿ ಕಳಚಿ, ಬೆಲ್ಟು ಗೂಟಕ್ಕೆ ಹಾಕಿ, ಚೆಂಡು ಕಾಲಡಿ ಇಟ್ಟುಕೊಂಡರು. "ನನ್ನಿಂದ ಕಿತ್ಕೋ."

ಟಿಟ್ಟಿಭನಿಗೆ ಕಿತ್ತುಕೊಳ್ಳಲು ಆಗಲಿಲ್ಲ. ಆಮೇಲೆ ಅದಲುಬದಲಾಗಿ ಆಡಿದರು. ಓವಿದಿಯೊ ಮೂರು ಸಲ ಚೆಂಡು ಹಿಡಿದು ದಾಟಲು ನೋಡಿದ. ಮೂರು ಸಲವೂ ಸಾರ್ಜೆಂಟ್ ಅವನ ಕಾಲಿನಿಂದ ಚೆಂಡನ್ನು ಮಗುವಿನ ಕೈಯಿಂದ ಗಿಲಕಿ ತೆಗೆದ ಹಾಗೆ ತೆಗೆದರು. ಹದಿನೆಂಟನೆಯ ವಯಸ್ಸಿನಲ್ಲಿ ಅವರು ಸಾನ್ ಹೆರೊನಿಮೊದ ಎರಡನೆಯ ತಂಡದಲ್ಲಿ, ಹಿಂದೆ ನಿಂತು ಎದುರಾಳಿಯನ್ನು ತಡೆಯುವ ಬ್ಯಾಕ್ ಆಗಿ ಆಡುತ್ತಿದ್ದರಂತೆ. ಅಪ್ಪ ತೀರಿಕೊಂಡ ಮೇಲೆ ಸೈನ್ಯ ಸೇರಿದರು. ಇದನ್ನು ಅವರು ಆ ಸಂಜೆ ಬೂಟಿನ ದಾರ ಕಟ್ಟಿಕೊಳ್ಳುತ್ತಾ ಒಂದೇ ವಾಕ್ಯದಲ್ಲಿ ಹೇಳಿದ್ದು.

"ಕೇಳು," ಎಂದರು. "ನೀನು ವಿಂಗ್ ಆಟಗಾರ ಅಲ್ಲ. ಚೆಂಡು ಸಿಕ್ಕಿದ್ರೆ ಏನ್ಮಾಡ್ಬೇಕು ಅಂತ ನಿಂಗೆ ಗೊತ್ತಿಲ್ಲ. ಆದ್ರೆ ಕಳ್ಕೊಂಡ್ರೆ ಹುಚ್ಚುನಾಯಿ ಥರ ಹಿಂದೆ ಓಡ್ತೀಯ. ನಾನು ನೋಡಿದೀನಿ. ನೀನು ಬ್ಯಾಕು ಕಣೋ. ಆ ಅನ್ಸೆಲ್ಮೊಗೆ ಕಣ್ಣಿಲ್ಲ."

ಉಳಿದಷ್ಟೂ ಸಂಜೆ ಲಾಯದ ಹಿಂದೆ ಧೂಳೆದ್ದಿತು. ಕಾದು ನಿಲ್ಲುವುದು, ಸೊಂಟ ನೋಡುವುದು, ಕಾಲು ಚಾಚುವ ಹೊತ್ತು. "ಅವನ ಕಣ್ಣು ನೋಡ್ಬೇಡ, ಕಣ್ಣು ಸುಳ್ಳು ಹೇಳುತ್ತೆ. ಸೊಂಟ ನೋಡು!" ಎಂದು ಸಾರ್ಜೆಂಟ್ ಕೂಗುವುದು ಅಡುಗೆಮನೆಗೂ ಕೇಳಿಸುತ್ತಿತ್ತು.

ಬಂಧನ, ಕವಾಯತು ಎರಡೂ ಮುಗಿದು ಓವಿದಿಯೊ ಸಾಂತಾ ಫೆಗೆ ಹೋದಾಗ ಅವನ ಅಂಗಿ ನಿಜವಾಗಿಯೂ ಇನ್ನೊಬ್ಬನ ಮೈಮೇಲಿತ್ತು. ಆ ಹುಡುಗ ಎರಡು ಪಂದ್ಯದಲ್ಲಿ ಮೂರು ಗೋಲು ಹೊಡೆದಿದ್ದ. ಐದು ವಾರ ಓವಿದಿಯೊ ಬೆಂಚಿನ ಮೇಲೆ ಕೂತ. ಪ್ರತಿ ಶನಿವಾರವೂ ಬೂಟು ಮಿಂಚಿಸಿಕೊಂಡು ನದಿ ದಾಟಿ ಹೋಗಿ ಕೂತು ಬರುತ್ತಿದ್ದ. ಆರನೆಯ ವಾರ ಲಾಗೂನಾದ ಲೆಫ್ಟ್ ಬ್ಯಾಕಿಗೆ ಜ್ವರ ಬಂತು.

"ಯಾರಾದ್ರೂ ಹಿಂದೆ ಆಡ್ತೀರೇನ್ರೋ?" ಎಂದರು ದೋನ್ ಅನ್ಸೆಲ್ಮೊ.

ಟಿಟ್ಟಿಭ ಎದ್ದು ನಿಂತ. "ನಾನಾಡ್ತೀನಿ. ಕಲ್ತಿದೀನಿ."

"ಎಲ್ಲಿ?"

"ಜೈಲಲ್ಲಿ."

ಜ್ವರದವನು ಗುಣವಾಗಿ ಬಂದಾಗ ಅವನಿಗೆ ಜಾಗ ಇರಲಿಲ್ಲ. ನವೆಂಬರಿನಲ್ಲಿ ನಮ್ಮ ಸೇವೆ ಮುಗಿಯಿತು. ಗುರುತಿನ ಪುಸ್ತಕಕ್ಕೆ ಮುದ್ರೆ ಒತ್ತಿಸಿಕೊಂಡು ಗೇಟಿನಲ್ಲಿ ನಿಂತಾಗ ಸಾರ್ಜೆಂಟ್ ಬುರ್ಗೋಸ್ ಇಬ್ಬರ ಕೈಯನ್ನೂ ಕುಲುಕಿದರು. ಓವಿದಿಯೊನ ಕೈಯನ್ನು ಸ್ವಲ್ಪ ಜಾಸ್ತಿ ಹೊತ್ತು ಹಿಡಿದಿದ್ದರು. "ನಮ್ಮೋರ ಮೇಲೆ ಆಡುವಾಗ ಮಾತ್ರ ಹೇಳ್ಕೊಟ್ಟಿದ್ದೆಲ್ಲ ಮರ್ತುಬಿಡು," ಎಂದರು.

ಅವನು ಮರೆಯಲಿಲ್ಲ. ಲಾಗೂನಾದಲ್ಲಿ ಹನ್ನೆರಡು ವರ್ಷ ಲೆಫ್ಟ್ ಬ್ಯಾಕ್ ಆಡಿದ. ರಾಜಧಾನಿಯ ದೊಡ್ಡ ಕ್ಲಬ್ಬುಗಳು ಯಾವತ್ತೂ ಅವನನ್ನು ಕರೆಯಲಿಲ್ಲ, ಅವನು ಕಾದೂ ಕೂರಲಿಲ್ಲ. ಟೆಲಿಫೋನ್ ಕಚೇರಿಯ ಇರ್ಮಾಳನ್ನು ಮದುವೆಯಾದ. ಮದುವೆಯ ರವಿಯೋಲಿ ದೊನ್ಯಾ ಪಿಯೆರಿನಾ ಅವರದು, ಕೇಕು ನಮ್ಮ ಬೇಕರಿಯದು. ಸಾನ್ ಹೆರೊನಿಮೊ ಜೊತೆ ಪಂದ್ಯವಿದ್ದಾಗಲೆಲ್ಲ ಸಾರ್ಜೆಂಟ್ ಎದುರು ಗ್ಯಾಲರಿಯಲ್ಲಿ ಕೂತು ತಮ್ಮದೇ ತಂಡದ ವಿಂಗ್ ಆಟಗಾರನಿಗೆ, "ಆ ಕಡೆ ಹೋಗ್ಬೇಡ್ವೋ ಪೆದ್ದಾ!" ಎಂದು ಗಂಟಲು ಹರಿಯುವ ಹಾಗೆ ಕೂಗುತ್ತಿದ್ದರು.

ಓವಿದಿಯೊನ ಕೊನೆಯ ಪಂದ್ಯ ಎಪ್ಪತ್ತೇಳರ ಡಿಸೆಂಬರಿನಲ್ಲಿ. ಸೋತರು. ಅಂಗಿ ಬಿಚ್ಚಿ ಮಡಿಸಿ ತಂಡದ ಸಾಮಾನು ನೋಡಿಕೊಳ್ಳುವವನಿಗೆ ಕೊಟ್ಟು, ಸಹ ಆಟಗಾರರ ಜೊತೆ ಬೆಂಕಿಯಲ್ಲಿ ಸುಟ್ಟ ಮಾಂಸ ತಿಂದು, ಹಾಡು ಬಾರದವನು ನಾಲ್ಕು ಹಾಡು ಹಾಡಿ ಮನೆಗೆ ಬಂದ. ಮರುದಿನ ಬೆಳಿಗ್ಗೆ ಆರಕ್ಕೆ ರೈಲ್ವೆ ಕಾರ್ಖಾನೆಯ ಉಗ್ರಾಣದ ಬಾಗಿಲು ತೆಗೆದ. ಅಲ್ಲಿ ಅವನಿಗೆ ಕೆಲಸ ಸಿಕ್ಕಿ ಎರಡು ವಾರವಾಗಿತ್ತು. ಬಾಗಿಲ ಮುಂದೆ ಬೋಲ್ಟು ಬೇಕೆಂದು ನಿಂತಿದ್ದ ಮೂರು ಜನರಲ್ಲಿ ಇಬ್ಬರು ಹಿಂದಿನ ದಿನದ ಸೋಲಿಗೆ ಅವನನ್ನೇ ಬೈದರು. ಅವನು ಎಲ್ಲರಿಗೂ ಮಾತೆ ಎಂಬ ನಮ್ಮ ಕಡೆಯ ಸೊಪ್ಪಿನ ಚಹಾ ಕಾಸಿ ಕೊಟ್ಟ.